ಲೈಟು ಬಂದದ್ದು ಯಾರ ಪಾಳಿಯಲ್ಲಿ

ಕಾರಿನ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು ಅನ್ನುವ ವಿಷಯದಲ್ಲಿ ನನ್ನ ಮೂವರು ತಮ್ಮಂದಿರಿಗೂ ಒಂದೊಂದು ಅಭಿಪ್ರಾಯವಿದೆ. ಬದಲಿಸುವ ಅಭ್ಯಾಸ ಮಾತ್ರ ಒಬ್ಬನಿಗೂ ಇಲ್ಲ. ನಾನು ಜಯಕ್ಕ, ಆ ಕಾರಿನ ಹಿಂದಿನ ಸೀಟಿನವಳು. ಐಮಂಗಲದ ಪಕ್ಕದ ನಮ್ಮ ಹಟ್ಟಿಯಿಂದ ವಾರಕ್ಕೆರಡು ಸಲ ದುರ್ಗದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತೇನೆ. ಗಂಡ ಹೋದ ಮೇಲೆ ತವರಿಗೆ ಬಂದೆ, ತವರಿಗೆ ಬಂದ ಮೇಲೆ ಕಿಡ್ನಿ ಹೋಯಿತು. ಬಸ್ಸಿನಲ್ಲಿ ಹೋಗಿಬಂದು ನಾನು ಬಾಗಿಲಲ್ಲೇ ಕುಸಿದು ಕೂರುವುದನ್ನು ನೋಡಲಾರದೆ ಮೂವರೂ ಸೇರಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಂದರು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮರೆಯಲು ಹಟ್ಟಿಯವರು ಬಿಡುವುದೂ ಇಲ್ಲ. "ಎಂಥಾ ತಮ್ಮಂದಿರನ್ನ ಪಡ್ಕಂಡು ಬಂದಿದ್ದೀಯವ್ವ" ಅಂತ ಸಿಕ್ಕವರೆಲ್ಲ ನೆನಪು ಮಾಡುತ್ತಾರೆ.

ನಮ್ಮಲ್ಲಿ ಕುರಿ ಮೇಯಿಸುವುದಕ್ಕೆ ಪಾಳಿ ಇದೆ. ಮೂರು ಮನೆಯ ಕುರಿ ಒಟ್ಟಿಗೆ ಕೂಡಿಸಿ, ದಿನಕ್ಕೊಂದು ಮನೆಯವರು ಹೊಡೆದುಕೊಂಡು ಹೋಗುತ್ತಾರೆ. ಅದರ ಕಾನೂನು ನಮ್ಮಪ್ಪನ ಕಾಲದ್ದು. ಯಾರ ಪಾಳಿಯಲ್ಲಿ ಕುರಿ ಕುಂಟಿತೋ ಅವರೇ ಔಷಧಿ ಹಾಕಬೇಕು, ಯಾರ ಪಾಳಿಯಲ್ಲಿ ತೋಳದ ಪಾಲಾಯಿತೋ ಅವರೇ ಉತ್ತರ ಹೇಳಬೇಕು. ಕಾರಿಗೂ ಅದೇ ಕಾನೂನು ಹಚ್ಚಿದರು. ಪಾಳಿಯವನು ಡೀಸೆಲ್ ಹಾಕಿಸಬೇಕು, ನನ್ನನ್ನು ಕರೆದುಕೊಂಡು ಹೋಗಿ ಬರಬೇಕು, ಕಾರು ಒರೆಸಿ ಕೀಲಿಯನ್ನು ಮುಂದಿನವನ ಮನೆಗೆ ಕೊಡಬೇಕು. ಪಂಕ್ಚರ್ ಆದರೆ ಆವತ್ತಿನವನ ಹಣೆಬರಹ. ಜಗಳವಿಲ್ಲದೆ ಚೆನ್ನಾಗಿಯೇ ನಡೆಯಿತು. ಆದರೆ ಆಯಿಲ್ ಒಂದು ದಿನದಲ್ಲಿ ಕೆಡುವ ವಸ್ತುವಲ್ಲ. ಅದು ಎಲ್ಲರ ಪಾಳಿಯಲ್ಲೂ ಸ್ವಲ್ಪ ಸ್ವಲ್ಪ ಕೆಡುತ್ತದೆ.

ದೊಡ್ಡ ತಮ್ಮ ಚಿತ್ತಪ್ಪ ಟ್ರ್ಯಾಕ್ಟರ್ ಓಡಿಸಿ ಪಳಗಿದವನು. "ಐದು ಸಾವಿರ ಕಿಲೋಮೀಟರಿಗೆ ಬದಲಾಯಿಸ್ಬೇಕು. ಆಯಿಲ್ ಕಡ್ಡಿ ಎಳೆದು ನೋಡಿದ್ರೆ ಕಪ್ಪಗೆ ಕಾಣಲ್ವ?" ಎನ್ನುತ್ತಾನೆ.

ನಡುವಿನವನು ಗೋವರ್ಧನ, ಲೈನ್‌ಮ್ಯಾನ್. ಅವನಿಗೆ ಕಾರಿನ ಜೊತೆ ಬಂದ ಪುಸ್ತಕವೇ ಪ್ರಮಾಣ. "ಡೀಸೆಲ್ ಗಾಡಿ ಆಯಿಲ್ ಹಾಕಿದ ಮಾರನೇ ದಿನಾನೇ ಕಪ್ಪಾಗ್ತೈತೆ ಕಣಣ್ಣ. ಈ ಕಾರಿಗೆ ಹತ್ತು ಸಾವಿರ, ಇಲ್ಲ ಒಂದು ವರ್ಷ, ಯಾವ್ದು ಮೊದ್ಲೋ ಅದು. ಬುಕ್ಕಲ್ಲೇ ಐತೆ."

ಕಿರಿಯವನು ಶಿವು, ಮೊಬೈಲ್ ರಿಪೇರಿ ಅಂಗಡಿಯವನು. "ಯಾಕೆ ತಲೆ ಕೆಡಿಸ್ಕಂತೀರ? ಟೈಮ್ ಬಂದ್ರೆ ಕಾರೇ ಲೈಟ್ ಹಾಕಿ ಹೇಳ್ತೈತೆ."

ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅನ್ನುವುದು ಇವರನ್ನು ನೋಡಿಯೇ ಹುಟ್ಟಿರಬೇಕು. ನನ್ನ ರಕ್ತವನ್ನು ವಾರಕ್ಕೆರಡು ಸಲ ತೊಳೆದು ಕಳಿಸುತ್ತಾರೆ, ನನ್ನನ್ನು ಹೊರುವ ಕಾರಿಗೆ ವರ್ಷ ಕಳೆದರೂ ಆ ಭಾಗ್ಯ ಬರಲಿಲ್ಲ.

ಶಿವು ಹೇಳಿದ್ದು ನಿಜವಾಯಿತು. ಬೇಸಿಗೆ ಶುರುವಾಗುವಾಗ ಸ್ಟೇರಿಂಗ್ ಹಿಂದೆ ಸ್ಪ್ಯಾನರ್ ಆಕಾರದ ಹಳದಿ ದೀಪ ಹತ್ತಿತು. ಹಿಂದಿನ ಸೀಟಿನ ನಡುವೆ ಕೂತವಳಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಚಿತ್ತಪ್ಪ ಅದನ್ನು ನೋಡಲಿಲ್ಲ, ದಾರಿಯುದ್ದಕ್ಕೂ ಈರುಳ್ಳಿ ಬೆಳೆಯ ಮಾತಾಡಿದ. ಗೋವರ್ಧನನ ಕಣ್ಣು ಅಲ್ಲಿಗೆ ಹೋಗಿ ತಟ್ಟನೆ ರಸ್ತೆಗೆ ಮರಳಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ಶಿವು ಆ ಜಾಗಕ್ಕೆ ಸರಿಯಾಗಿ ಮನೆದೇವರ ಪುಟ್ಟ ಫೋಟೊ ಅಂಟಿಸಿದ, ನಾನು ಭಕ್ತಿ ಬಂತೆಂದುಕೊಂಡೆ. ಲೈಟು ನೋಡಿದೆ ಅಂತ ಯಾವನಾದರೂ ಅಂದರೆ ಅದು ಅವನ ಪಾಳಿಯಲ್ಲಿ ಬಂತು ಅಂತ ಆಗುತ್ತದೆ, ಔಷಧಿ ಅವನೇ ಹಾಕಬೇಕಾಗುತ್ತದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳಲು ಯಾರಿಗೆ ಇಷ್ಟ? ಮೂವರನ್ನೂ ಸೊಂಟದ ಮೇಲೆ ಹೊತ್ತು ಮೂಗು ಒರೆಸಿದವಳು ನಾನು. ಬಾಯಿವರೆಗೆ ಬಂದ ಮಾತನ್ನು ಪ್ರತಿಸಲ ನುಂಗಿದೆ. ಈ ಕಾಯಿಲೆಯವರು ನೀರನ್ನೂ ಲೆಕ್ಕ ಇಟ್ಟು ಕುಡಿಯಬೇಕು, ಮಾತು ನುಂಗುವುದಕ್ಕೆ ಮಾತ್ರ ಡಾಕ್ಟರು ಮಿತಿ ಹೇಳಿಲ್ಲ.

ಕಳೆದ ಸೋಮವಾರ ಶಿವುವಿನ ಪಾಳಿ. ಸೋಮವಾರ ನನಗೆ ಕಷ್ಟದ ದಿನ, ಗುರುವಾರದ ನಂತರ ಬಿಡುವು ಜಾಸ್ತಿಯಾಗಿ ಮೈಯಲ್ಲಿ ನೀರು ತುಂಬಿಕೊಂಡಿರುತ್ತದೆ. ಕಾಲು ಚಪ್ಪಲಿಯೊಳಗೆ ಹೋಗುವುದಿಲ್ಲ, ಉಸಿರು ಗಂಟಲಲ್ಲೇ ತಿರುಗುತ್ತದೆ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ನನ್ನ ಮಿಷನ್ನು ಮುಂದಿನವರಿಗೆ, ನನಗೆ ಮಾರನೆಯ ದಿನ. ಅಲ್ಲಿವರೆಗೆ ನನ್ನ ಎದೆ ಕಾಯುವುದು ಕಷ್ಟ ಅಂತ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದ್ದರು.

ಟೋಲ್ ದಾಟಿ, ಗಾಳಿಫ್ಯಾನಿನ ಗುಡ್ಡಗಳು ಕಾಣುವಷ್ಟರಲ್ಲಿ ದೇವರ ಫೋಟೊದ ಅಂಚಿನಿಂದ ಹಳದಿಯಲ್ಲ, ಆಯಿಲಿನ ಕೆಂಪು ಬೆಳಕು ಇಣುಕಿತು. ಶಿವು ಗಾಡಿ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಾನೆಟ್ ಒಳಗೆ ಯಾರೋ ಕಲ್ಲು ಕುಟ್ಟುವ ಸದ್ದು ಬಂತು, ಆಮೇಲೆ ಕಾರು ಒಮ್ಮೆ ಜಗ್ಗಿ ನಿಂತಿತು. ಎಷ್ಟು ಕೀಲಿ ತಿರುಗಿಸಿದರೂ ಎಂಜಿನ್ ಅಲ್ಲಾಡಲಿಲ್ಲ.

ಶಿವು ಇಳಿದು ಚಿತ್ತಪ್ಪನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳಿತು. ಗಾಡಿ ನಿಂತಿತೆಂದು ಕೇಳಿ ಅವನಾಡಿದ ಮೊದಲ ಮಾತೇ, "ಲೈಟು ಯಾವಾಗ ಬಂತಲೇ?"

"ನನ್ ಪಾಳೀಲಲ್ಲಣ್ಣ, ಅದು ಮೊದ್ಲೇ ಇತ್ತು."

"ಮೊದ್ಲು ಅಂದ್ರೆ? ನಾನು ಕೊಟ್ಟಾಗ ಗಾಡಿ ಸರಿಯಾಗಿತ್ತು. ಗೋವರ್ಧನನ್ನ ಕೇಳು."

ಗೋವರ್ಧನನನ್ನೂ ಅದೇ ಫೋನಿಗೆ ಸೇರಿಸಿದರು. ಅವನು ಪುಸ್ತಕದ ಮಾತು ತೆಗೆದ. ಅಕ್ಕ ಹೇಗಿದ್ದಾಳೆ ಅಂತ ಒಬ್ಬನೂ ಕೇಳಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಸಿಟ್ಟಿಗೂ ಉಸಿರು ಬೇಕಲ್ಲ. ಬಾಗಿಲು ತೆಗೆದು ಇಳಿದೆ. ಕಾರು ಹಿಡಿದುಕೊಂಡು ರಸ್ತೆ ಅಂಚಿಗೆ ಬಂದು ಕೈ ಎತ್ತಿ ನಿಂತೆ. ಬಸ್ಸು ನಿಲ್ಲಲಿಲ್ಲ, ಈರುಳ್ಳಿ ಚೀಲ ತುಂಬಿದ ಲಗೇಜ್ ಗಾಡಿಯೊಂದು ನಿಂತಿತು.

"ಎಲ್ಲಿಗವ್ವ?" ಡ್ರೈವರು ಕೇಳಿದ.

"ದುರ್ಗದ ಆಸ್ಪತ್ರೆಗಪ್ಪ. ಬೇಗ ಹೋಗ್ಬೇಕು."

ಅವನು ನನ್ನ ಮುಖ ನೋಡಿ ಮತ್ತೇನೂ ಕೇಳದೆ ಕೈ ಹಿಡಿದು ಹತ್ತಿಸಿಕೊಂಡ. ಆಗ ಶಿವು ತಿರುಗಿ ನೋಡಿದ. "ಅಕ್ಕ, ತಡಿಯಕ್ಕ, ಚಿತ್ತಪ್ಪಣ್ಣ ಬೇರೆ ಗಾಡಿ ತರ್ತಾನೆ!"

"ನೀವು ಮಾತು ಮುಗಿಸ್ಕಂಡು ಬರ್ರಿ," ಅಂದೆ.

ಆಸ್ಪತ್ರೆಯಲ್ಲಿ ನರ್ಸ್ ಮೌನಿಕಾ ನನ್ನ ಹಾಸಿಗೆಗೆ ಬೇರೆಯವರ ಹೆಸರು ಕೂಗುತ್ತಿದ್ದಳು. ನನ್ನನ್ನು ಕಂಡು ಓಡಿಬಂದಳು. ಸೂಜಿ ಚುಚ್ಚಿ ಮಿಷನ್ನು ಶುರುವಾಗಿ ಉಸಿರು ಹದಕ್ಕೆ ಬರುವ ಹೊತ್ತಿಗೆ ಮೂವರೂ ಬಂದು ಹಾಸಿಗೆ ಸುತ್ತ ನಿಂತರು. ಎಂಜಿನ್ ಪೂರ್ತಿ ಹೋಯಿತು, ಆಯಿಲ್ ಕಡ್ಡಿಗೆ ಒಂದು ಹನಿಯೂ ಹತ್ತಲಿಲ್ಲ ಅಂತ ಮೆಕ್ಯಾನಿಕ್ ಹೇಳಿದನಂತೆ. ಅಷ್ಟು ಹೇಳಿ ಮತ್ತೆ ಶುರು ಮಾಡಿದರು, ನಿನ್ನ ಪಾಳಿ, ನನ್ನ ಪಾಳಿ.

"ಸುಮ್ನಿರ್ರೋ," ಅಂದೆ. "ಮೂರೂ ಜನದ ಪಾಳೀಲೂ ಉರೀತಿತ್ತು. ನಾನು ನೋಡ್ತಾನೇ ಇದ್ದೆ."

ಶಿವು ಬೆಪ್ಪಾದ. "ನೋಡಿದ್ರೆ ಹೇಳಬಾರ್ದಿತ್ತೇನಕ್ಕ?"

"ನಿಮ್ ಕಾರಲ್ಲಿ ಕುಂತು ನಿಮಗೇ ತಪ್ಪು ಹೇಳಾಕೆ ಬಾಯಿ ಬರ್ಲಿಲ್ಲಪ್ಪ."

ಚಿತ್ತಪ್ಪನಿಗೆ ನಾಟಿತು. ಕಣ್ಣು ಕೆಂಪಗಾಯಿತು. "ನಿಮ್ ಕಾರು ಅಂತೀಯಲ್ಲಕ್ಕ. ಅದನ್ನ ತಂದಿದ್ದೇ ನಿನಗೋಸ್ಕರ ಅಲ್ವಾ?"

"ಹೂಂ ಕಣೋ. ನನಗೋಸ್ಕರ ತಂದ್ರಿ ಅಂತಾನೇ ಹೇಳಾಕಾಗ್ಲಿಲ್ಲ."

ಗೋವರ್ಧನ ನನ್ನ ಊದಿದ ಪಾದದ ಮೇಲೆ ಹೊದಿಕೆ ಎಳೆದ. ಶಿವು ಗೋಡೆ ಕಡೆ ತಿರುಗಿ ನಿಂತ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಅದಕ್ಕಿಂತ ಹೆಚ್ಚಾಗಿ ನಿದ್ದೆ ಬಂತು.

ಸ್ವಲ್ಪ ಹೊತ್ತಾದ ಮೇಲೆ ಗೋವರ್ಧನ ಮೆಲ್ಲಗೆ, ರೂಢಿ ತಪ್ಪಲಾರದೆ ಕೇಳಿದ, "ಗುರುವಾರ ಬಸ್ಸಲ್ಲಿ ಕರ್ಕಂಡು ಬರೋದು ಯಾರ ಪಾಳಿ?"

"ನಂದು," ಅಂದೆ ನಾನು.