ಬೆಟ್ಟಣ್ಣನಿಗೊಂದು ಕುರ್ಚಿ

ಗಡಿಯಾರ ರಿಪೇರಿಯವನನ್ನು ಊರವರೆಲ್ಲ ಬೆಟ್ಟಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿದ್ದಂತಿರಲಿಲ್ಲ. ಯಾವ ಬಾಗಿಲಿಗೆ ಬಂದರೂ ತಲೆ ತಗ್ಗಿಸಿ, ಕೊಂಚ ಓರೆಯಾಗಿಯೇ ಒಳಗೆ ಬರಬೇಕಾದ ಮೈಕಟ್ಟು. ಬೆರಳುಗಳು ಮಾತ್ರ ಬೇರೆ ಯಾರದೋ ಎನ್ನುವಂತಿದ್ದವು. ಸಾಸಿವೆ ಕಾಳಿನಷ್ಟು ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅದರ ಜಾಗದಲ್ಲಿ ಕೂರಿಸಿಬಿಡುತ್ತಿದ್ದವು. ಅಂಗಡಿಯಲ್ಲಿ ಅವನಿಗೆ ಕಬ್ಬಿಣದ ಸ್ಟೂಲಿತ್ತು, ಮನೆಯಲ್ಲಿ ಮರದ ದಿವಾನವಿತ್ತು. ಹಾಗಾಗಿ ಕೂರುವುದು ಎಂಬುದೂ ಒಂದು ಸಮಸ್ಯೆ ಎಂದು ಅವನಿಗೆ ಬಹಳ ವರ್ಷ ಗೊತ್ತೇ ಆಗಿರಲಿಲ್ಲ.

ಸಮಸ್ಯೆ ಬಂದದ್ದು ಹೆಂಡತಿಯ ಕನಸಿನ ಜೊತೆ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದ ಅವಳು ಮರುವಾರವೇ ಹಳೆಯದೊಂದು ಮೋಟರ್‌ಹೋಮ್ ತಂದು ಮನೆ ಮುಂದೆ ನಿಲ್ಲಿಸಿದಳು. ಒಳಗೆ ಹಾಸಿಗೆ, ಒಲೆ, ಅಂಗೈಯಗಲದ ಸಿಂಕು. "ಇಷ್ಟು ವರ್ಷ ಬೇರೆಯವರ ಹಾಸಿಗೆ ಪಕ್ಕ ನಿಂತಿದ್ದು ಸಾಕು ರೀ. ಇನ್ನು ಎಲ್ಲಿ ಮನಸ್ಸು ಬರುತ್ತೋ ಅಲ್ಲಿ ನಮ್ಮ ಹಾಸಿಗೆ," ಎಂದಳು. ಅವಳಿಟ್ಟ ಹೆಸರು 'ಮನೆಗಾಡಿ'. ಬೆಟ್ಟಣ್ಣ ಅದರ ಸುತ್ತ ಒಂದು ಸುತ್ತು ಬಂದು, ಚಕ್ರಕ್ಕೆ ಒದ್ದು ನೋಡಿ, ಒಪ್ಪಿದ.

ಮೊದಲ ಪ್ರವಾಸಕ್ಕೆ ಅವಳ ತಮ್ಮನೂ ತಮ್ಮನ ಹೆಂಡತಿಯೂ ತಮ್ಮ ಗಾಡಿಯಲ್ಲಿ ಜೊತೆಯಾದರು. ಈ ಭಾವಮೈದುನ ಮನುಷ್ಯ ಕೆಟ್ಟವನಲ್ಲ, ನಾಲಿಗೆಗೆ ಮಾತ್ರ ಬ್ರೇಕಿರಲಿಲ್ಲ. ಸರೋವರದ ದಡದಲ್ಲಿ ನಾಲ್ಕು ಹಸಿರು ಮಡಚು ಕುರ್ಚಿಗಳನ್ನು ಬಿಡಿಸಿಟ್ಟು, "ಬಾ ಭಾವ, ಸಿಂಹಾಸನ ರೆಡಿ," ಎಂದ. ಬೆಟ್ಟಣ್ಣ ಸೂಪಿನ ಬಟ್ಟಲು ಹಿಡಿದು ಕೂತ. ಕುರ್ಚಿ ಒಂದು ಸಲ ಕಿರ್ ಎಂದಿತು, ಇನ್ನೊಂದು ಸಲ ಕಟ್ ಎಂದಿತು. ಮೂರನೆಯ ಮಾತಿಗೆ ಅದಕ್ಕೆ ಉಸಿರಿರಲಿಲ್ಲ. ಆಕಾಶ ಕೆಳಗೆ, ಕಾಲು ಮೇಲೆ, ಸೂಪು ಮುಖದ ಮೇಲೆ. ಎಲ್ಲರೂ ನಕ್ಕರು, ಅವನೂ ನಕ್ಕ. ಭಾವಮೈದುನ ಮೊದಲಿಂದಲೇ ಫೋನ್ ಹಿಡಿದಿದ್ದನಂತೆ. ಊಟ ಮುಗಿಯುವುದರೊಳಗೆ ಆ ವಿಡಿಯೊ ನೆಂಟರಿಷ್ಟರ ಫೋನುಗಳಿಗೆಲ್ಲ ತಲುಪಿ, 'ಭೂಕಂಪ' ಎಂಬ ಹೆಸರೂ ಬಂದುಬಿಟ್ಟಿತ್ತು. ದೂರದ ದೊಡ್ಡಮ್ಮ ಒಬ್ಬರು ಫೋನ್ ಮಾಡಿ, "ನೆಲಕ್ಕೇನೂ ಆಗಿಲ್ಲ ತಾನೆ?" ಎಂದು ಕೇಳಿದರು.

ಅಂದಿನಿಂದ ಬೆಟ್ಟಣ್ಣ ಪ್ರವಾಸದಲ್ಲಿ ಕೂರುವುದನ್ನೇ ಬಿಟ್ಟ. ಯಾರಾದರೂ ಕುರ್ಚಿ ತೋರಿಸಿದರೆ, "ನಂಗೆ ನಿಂತ್ರೇನೇ ಆರಾಮು," ಎನ್ನುತ್ತಿದ್ದ. ನಿಂತವನಿಗೆ ಕೆಲಸ ತಪ್ಪೀತೇ? ಹೇಗೂ ನಿಂತಿದ್ದೀಯಲ್ಲ, ಆ ಉಪ್ಪು ಕೊಡು. ಹೇಗೂ ನಿಂತಿದ್ದೀಯಲ್ಲ, ಕೆಟಲ್ ನೋಡು. ಉಳಿದ ಮೂವರು ಕಾಲು ಚಾಚಿ ಸಂಜೆಯನ್ನು ಸವಿಯುವಾಗ ಅವನು ಕಂಬದ ಹಾಗೆ ನಿಂತು ಬಡಿಸುತ್ತಿದ್ದ. ತೀರಾ ಸುಸ್ತಾದರೆ ಗಾಡಿಯ ಮೆಟ್ಟಿಲ ಮೇಲೆ ಅರ್ಧ ಕುಂಡೆ ಊರುತ್ತಿದ್ದ. ಮಾತು ನಡೆಯುತ್ತಿದ್ದುದು ಅಲ್ಲಿ, ಬೆಂಕಿಯ ಸುತ್ತ. ಅವನಿಗೆ ನಗು ಮಾತ್ರ ಕೇಳಿಸುತ್ತಿತ್ತು, ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ.

ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು. ಮೂರನೆಯ ಪ್ರವಾಸದಿಂದ ಬಂದ ಮೇಲೆ ಅವನ ಬೂಟು ಕಳಚಿ, ಊದಿದ ಪಾದಕ್ಕೆ ಹೆಬ್ಬೆರಳು ಒತ್ತಿದಳು. ಗುಳಿ ಬಿದ್ದದ್ದು ಹಾಗೇ ಉಳಿಯಿತು.

"ಮುಂದಿನ ಸಲ ನೀವುಗಳೇ ಹೋಗ್ಬನ್ನಿ," ಎಂದ ಬೆಟ್ಟಣ್ಣ, ಅವಳ ಮುಖ ನೋಡದೆ. "ನಂಗೆ ಅಂಗಡೀಲಿ ಕೆಲ್ಸ ಇದೆ."

"ಸುಳ್ಳು ಹೇಳಕ್ಕೂ ಬರಲ್ಲ ನಿಮಗೆ," ಎಂದಳು ಅವಳು. ಎದ್ದು ಹೋಗಿ ಮನೆಗಾಡಿಯ ಹಾಸಿಗೆಯ ಕೆಳಗಿನ ಗೂಡನ್ನು ಒಂದು ದಾರದಲ್ಲಿ ಅಳೆದು, ದಾರವನ್ನು ಬೆರಳಿಗೆ ಸುತ್ತಿಕೊಂಡು ಬಂದಳು. "ನಡೀರಿ. ಕುರ್ಚಿ ತರೋಣ."

"ನನ್ನ ಭಾರ ತಡೆಯೋ ಮಡಚು ಕುರ್ಚಿ ಇನ್ನೂ ಹುಟ್ಟಿಲ್ಲ ಕಣೆ."

"ಹುಟ್ಟಿದ್ಯೋ ಇಲ್ವೋ, ಹೆರಿಗೆ ವಾರ್ಡಲ್ಲಿ ಹೋಗಿ ನೋಡಿದ್ರೆ ತಾನೆ ಗೊತ್ತಾಗೋದು!"

ಊರಾಚೆಯ ಹೆದ್ದಾರಿ ಪಕ್ಕದಲ್ಲಿ ಕ್ಯಾಂಪಿಂಗ್ ಸಾಮಾನಿನ ದೊಡ್ಡ ಅಂಗಡಿಯೊಂದಿತ್ತು. ನೆಲಕ್ಕೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಸಿ, ನಡುವೆ ಡೇರೆ ಕಟ್ಟಿ, ಉರಿಯದ ಸೌದೆಯ ಸುತ್ತ ಕುರ್ಚಿಗಳನ್ನು ಬಿಡಿಸಿಟ್ಟಿದ್ದರು. ರಜೆಯ ದಿನವಾದ್ದರಿಂದ ಜನವೋ ಜನ. ಕನ್ನಡಕವನ್ನು ನೆತ್ತಿಗೇರಿಸಿಕೊಂಡಿದ್ದ ಅಂಗಡಿಯವನು ಓಡಿ ಬಂದು, ಎರಡು ಬೆರಳಲ್ಲಿ ಒಂದು ಕುರ್ಚಿಯನ್ನು ಎತ್ತಿ ತೋರಿಸಿದ. "ನೋಡಿ ಸಾರ್, ಹೂವಿನಷ್ಟು ಹಗುರ!"

"ಕುರ್ಚಿ ಹೂವಾದ್ರೆ ನಾನು ದುಂಬಿ ಆಗ್ಬೇಕಲ್ಲ ಸ್ವಾಮಿ," ಎಂದ ಬೆಟ್ಟಣ್ಣ.

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ, ಸುಮ್ಮನೆ ಹೂವನ್ನು ಕೆಳಗಿಟ್ಟ. ಆಮೇಲೆ ಅಗಲವಾದದ್ದೊಂದು ತಂದ. ಅದು ಸೋಫಾದ ಹಾಗೆ ಮೆತ್ತಗಿತ್ತು, ಆದರೆ ಬೆಟ್ಟಣ್ಣ ಕೂತೊಡನೆ ನಡುವೆ ತೊಟ್ಟಿಲಾಗಿ, ಮೊಣಕಾಲು ಗದ್ದಕ್ಕೆ ಬಂತು. ಹೆಂಡತಿಯೂ ಅಂಗಡಿಯವನೂ ತಲಾ ಒಂದು ಕೈ ಹಿಡಿದು ಎಳೆಯಬೇಕಾಯಿತು. ಮತ್ತೊಂದಕ್ಕೆ ಗಟ್ಟಿ ಕೈಗಳಿದ್ದವು. ಅವನು ಅದರೊಳಗೆ ಹೇಗೋ ಇಳಿದ. ಕುರ್ಚಿ ಮುರಿಯಲಿಲ್ಲ. ಸಮಾಧಾನದಿಂದ ಎದ್ದು ನಿಂತ. ಕುರ್ಚಿಯೂ ಅವನ ಜೊತೆ ಎದ್ದು ನಿಂತಿತು.

ಸೊಂಟಕ್ಕೆ ಕಚ್ಚಿಕೊಂಡ ಕುರ್ಚಿಯೊಂದಿಗೆ ಬೆಟ್ಟಣ್ಣ ಒಂದು ಸುತ್ತು ತಿರುಗಿದ. ಡೇರೆಯ ಆಚೆ ಯಾರೋ ಕಿಸಕ್ಕೆಂದರು. ಅದು ಇನ್ನೊಬ್ಬರಿಗೆ ಹತ್ತಿತು, ಅವರಿಂದ ಮತ್ತೊಬ್ಬರಿಗೆ. ಸರೋವರದ ದಡದ ಆ ನಗುವೇ ಬೆನ್ನಟ್ಟಿ ಬಂದಂತಾಗಿ ಅವನ ಕಿವಿ ಕೆಂಪಾಯಿತು. ಕುರ್ಚಿಯನ್ನು ಕಿತ್ತು ಕೆಳಗಿಟ್ಟು, "ಸಾಕು, ಹೋಗೋಣ," ಎಂದು ಬಾಗಿಲ ಕಡೆ ಹೊರಟ.

ಆಗ ಕೆಳಗಿನಿಂದ ಒಂದು ದನಿ ಬಂತು. "ಎಲ್ಲಿಗಪ್ಪಾ ಓಡ್ತೀಯ? ನನ್ನ ಕೆಳಗಿಳಿಸಿ ಹೋಗು!"

ಒಂದು ಎತ್ತರದ ಕುರ್ಚಿಯಲ್ಲಿ ಪುಟ್ಟ ಮುದುಕಿಯೊಬ್ಬಳು ಕೂತಿದ್ದಳು. ಕಾಲುಗಳು ನೆಲಕ್ಕೆ ಎಟುಕದೆ ಗಾಳಿಯಲ್ಲಿ ತೂಗುತ್ತಿದ್ದವು. ಬೆಟ್ಟಣ್ಣ ಕೈ ಕೊಟ್ಟ. ಗುಬ್ಬಚ್ಚಿಯ ಹಾಗೆ ಹಾರಿ ಇಳಿದ ಅವಳು ಸೀರೆ ಕೊಡವಿಕೊಂಡು ಅವನನ್ನು ತಲೆಯೆತ್ತಿ ನೋಡಿದಳು. ನೋಡಲು ಅವಳು ಕತ್ತನ್ನು ಬಹಳವೇ ಎತ್ತಬೇಕಾಯಿತು.

"ನಿಂಗೆ ಕುರ್ಚಿ ಚಿಕ್ಕದು, ನಂಗೆ ದೊಡ್ಡದು. ತಪ್ಪು ನಿಂದೂ ಅಲ್ಲ, ನಂದೂ ಅಲ್ಲ, ಮಾಡಿದೋನ್ದು. ಮೊಮ್ಮಕ್ಕಳ ಜೊತೆ ಕಾಡಿಗೆ ಹೋಗ್ತಿದ್ದೀನಿ. ಕಾಲು ನೆಲ ಮುಟ್ಟೋ ಕುರ್ಚಿ ಸಿಗೋವರೆಗೂ ನಾನಂತೂ ಕದಲಲ್ಲ. ನೀನು?"

"ಜನ ನಗ್ತಾರೆ ಅಜ್ಜಿ."

"ನಗ್ಲಿ ಬಿಡು, ಹಲ್ಲಿರೋರು ನಗ್ತಾರೆ. ನಗೋರು ಬಂದು ನಿನ್ನ ಕಾಲು ಒತ್ತುತ್ತಾರಾ?"

ಹೆಂಡತಿ ಹಿಂದೆಯೇ ನಿಂತಿದ್ದಳು. ಊದಿದ ಪಾದಗಳನ್ನೇ ನೋಡುತ್ತಿದ್ದಳು. ಬೆಟ್ಟಣ್ಣ ಬಾಗಿಲನ್ನೂ ನೋಡಿದ, ಅವಳನ್ನೂ ನೋಡಿದ. ತುಕ್ಕು ಹಿಡಿದು ನಿಂತ ಗಡಿಯಾರ ಬಂದಾಗ ಅವನು ಎಂದಾದರೂ ಹೀಗೆ ಕೈಚೆಲ್ಲಿದ್ದುಂಟೇ? ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ, ಟಿಕ್ ಎನ್ನುವವರೆಗೂ ಬಿಟ್ಟವನಲ್ಲ. ಅವನು ಕೋಟು ಕಳಚಿ ಹೆಂಡತಿಯ ಕೈಗೆ ಕೊಟ್ಟ.

"ಸ್ವಾಮಿ," ಎಂದು ಅಂಗಡಿಯವನನ್ನು ಕರೆದ. ದನಿ ಡೇರೆಯ ಆಚೆಗೂ ಕೇಳಿಸಿತು. "ಇರೋದನ್ನೆಲ್ಲ ತನ್ನಿ. ಇವತ್ತು ಕೂರದೆ ಹೋಗಲ್ಲ."

ಆಮೇಲೆ ನಡೆದದ್ದನ್ನು ಆ ಅಂಗಡಿ ಹಿಂದೆಂದೂ ನೋಡಿರಲಿಕ್ಕಿಲ್ಲ. ಬೆಟ್ಟಣ್ಣ ಒಂದು ಕುರ್ಚಿಯಲ್ಲಿ ಕೂತರೆ ಅಜ್ಜಿ ಪಕ್ಕದ್ದರಲ್ಲಿ. ಅವಳು "ಊಹೂಂ" ಎಂದರೆ ಅವನೂ "ಊಹೂಂ". ಬರೀ ಕೂತು ಏಳುವುದಲ್ಲ. ಒರಗಿ ನೋಡಿದರು, ಊಟ ಮಾಡುವವರಂತೆ ಮುಂದಕ್ಕೆ ಬಾಗಿ ನೋಡಿದರು, ಕೆಳಗೆ ಬಿದ್ದ ಚಮಚ ಹೆಕ್ಕುವವರಂತೆ ಪಕ್ಕಕ್ಕೆ ವಾಲಿದರು. ಒಂದರ ಅಡ್ಡ ಸರಳು ತೊಡೆಗೆ ಒತ್ತುತ್ತಿತ್ತು, ಕಾಲು ಗಂಟೆ ಕೂತರೆ ಜೋಮು ಗ್ಯಾರಂಟಿ. ಇನ್ನೊಂದು ಎಲ್ಲ ಸರಿ, ಆದರೆ ಕಾಲುಗಳು ಕಡ್ಡಿಯಷ್ಟು ಸಣ್ಣ. "ಮರಳಲ್ಲಿ ಇಟ್ಟರೆ ಮೊಳೆ ಹೊಡೆದ ಹಾಗೆ ಇಳಿದುಬಿಡುತ್ತೆ," ಎಂದಳು ಹೆಂಡತಿ. ಮತ್ತೊಂದಕ್ಕೆ ಕಾಲಿಡುವ ಪಟ್ಟಿ, ಲೋಟದ ಬುಟ್ಟಿ, ತಲೆದಿಂಬು ಎಲ್ಲ ಇತ್ತು. ಮಡಚಿದ ಮೇಲೆ ಹೆಂಡತಿ ದಾರ ಹಿಡಿದಳು. ಕುರ್ಚಿ ದಾರಕ್ಕಿಂತ ಉದ್ದ. "ಇದನ್ನ ಒಳಗಿಟ್ಟು ನಾವು ಹೊರಗೆ ಮಲಗ್ಬೇಕು," ಎಂದು ಬದಿಗೆ ಸರಿಸಿದಳು.

ನಕ್ಕವರೇ ಈಗ ಸುತ್ತ ಸೇರಿದ್ದರು. "ಆ ನೀಲಿಯದು ನೋಡಿ," ಎಂದರು ಒಬ್ಬರು. "ಬೇಡ, ಅದು ನಮ್ಮನೇಲಿದೆ, ಬೆನ್ನಿಗೆ ಆಗಲ್ಲ," ಎಂದರು ಇನ್ನೊಬ್ಬರು. ಅಜ್ಜಿಗೆ ಮೊದಲು ಸಿಕ್ಕಿತು. ಮಕ್ಕಳದೂ ಅಲ್ಲದ ದೊಡ್ಡವರದೂ ಅಲ್ಲದ ಗಿಡ್ಡ ಕುರ್ಚಿ. ಎರಡೂ ಅಂಗಾಲು ಹುಲ್ಲಿಗೆ ತಾಕಿದಾಗ ಅವಳು ಪಟಪಟ ತಾಳ ಹಾಕಿದಳು, ಜನ ಚಪ್ಪಾಳೆ ತಟ್ಟಿದರು.

ಅಂಗಡಿಯವನಿಗೂ ಈಗ ಹಠ ಹತ್ತಿತ್ತು. ಕನ್ನಡಕ ಮೂಗಿಗಿಳಿಸಿಕೊಂಡು ಹಿಂದಿನ ಗೋದಾಮಿಗೆ ಹೋದ. ಬಹಳ ಹೊತ್ತು ಡಬ್ಬಗಳು ಬೀಳುವ ಸದ್ದು ಕೇಳಿತು. ಕೊನೆಗೆ ಮೈಯೆಲ್ಲ ಧೂಳಾಗಿ, ಎದೆಗವಚಿಕೊಂಡು ಒಂದನ್ನು ಹೊತ್ತು ತಂದ. ನೋಡಲು ಏನೂ ಚೆಂದವಿರಲಿಲ್ಲ. ಬೂದು ಬಣ್ಣ, ದಪ್ಪ ಕೊಳವೆಗಳು, ಕಾಲುಗಳಿಗೆ ಬಿಲ್ಲೆಯಂಥ ಅಗಲ ಪಾದ. "ಭಾರ ಅಂತ ಯಾರೂ ತಗೊಳ್ಳಲ್ಲ ಸಾರ್, ಅದಕ್ಕೇ ಹಿಂದೆ ಹಾಕಿದ್ದೆ," ಎಂದ ಸಂಕೋಚದಿಂದ.

ಬೆಟ್ಟಣ್ಣ ಅದನ್ನು ಬಿಡಿಸಿದ. ಕೀಲುಗಳು ಟಕ್ಕೆಂದು ಕೂತವು. ಒಳ್ಳೆಯ ಸದ್ದು, ಆ ಸದ್ದಿನ ಒಳ್ಳೆಯದು ಕೆಟ್ಟದ್ದು ಅವನ ಕಿವಿಗೆ ಗೊತ್ತಿತ್ತು. ಕೂತ. ಮೊದಲು ಅರ್ಧ ಭಾರ ಹಾಕಿ, ಉಸಿರು ಹಿಡಿದು ಕಿವಿಗೊಟ್ಟ. ಕಿರ್ ಎನ್ನಲಿಲ್ಲ. ಪೂರ್ತಿ ಭಾರ ಹಾಕಿದ. ಕಟ್ ಎನ್ನಲಿಲ್ಲ. ಸೊಂಟದ ಎರಡೂ ಕಡೆ ಕೈಯಾಡುವಷ್ಟು ಜಾಗ. ತೊಡೆ ಚಪ್ಪಟೆಯಾಗಿ ನೆಮ್ಮದಿಯಿಂದಿತ್ತು. ಬೆನ್ನು ಭುಜದವರೆಗೂ ಏನನ್ನೋ ಒರಗಿಕೊಂಡಿತ್ತು, ಆ ಏನೋ ಅವನನ್ನು ಹಿಡಿದಿತ್ತು. ಹಿಡಿದ ಉಸಿರನ್ನು ಅವನು ಬಿಟ್ಟ. ಇಷ್ಟು ದಿನದ ಉಸಿರೂ ಅದರ ಜೊತೆ ಹೊರಗೆ ಬಂತೇನೋ ಎನ್ನುವಷ್ಟು ಉದ್ದವಾಗಿತ್ತು.

ಹೆಂಡತಿ ದಾರ ತೆಗೆಯುತ್ತ, "ಏಳ್ರೀ, ಅಳತೆ ನೋಡ್ಬೇಕು," ಎಂದಳು.

ಬೆಟ್ಟಣ್ಣ ನಿದ್ದೆ ಹೋಗಿದ್ದ.

ಅಂಗಡಿಯವನು ತುಟಿಗೆ ಬೆರಳಿಟ್ಟ. ಜನ ತುದಿಗಾಲಲ್ಲಿ ಓಡಾಡಿದರು. ಅಜ್ಜಿ ತನ್ನ ಗಿಡ್ಡ ಕುರ್ಚಿಯನ್ನು ಪಕ್ಕಕ್ಕೆಳೆದುಕೊಂಡು ಕಾವಲು ಕೂತಳು. ಗೊರಕೆ ಡೇರೆಯ ಬಟ್ಟೆಯನ್ನು ನಡುಗಿಸುವಷ್ಟಾದಾಗ ಹೆಂಡತಿಯ ಕಣ್ಣು ತುಂಬಿ ಬಂತು. ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ಮಲಗಿಸಿದವಳು ಅವಳು. ನೆಮ್ಮದಿಯ ನಿದ್ದೆ ಯಾವುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವನು ಎದ್ದ ಮೇಲೆ ಕುರ್ಚಿಯನ್ನು ಮಡಚಿ ಅಳೆದಳು. ದಾರಕ್ಕಿಂತ ಒಂದು ಬೆರಳು ಕಡಿಮೆಯೇ ಇತ್ತು. "ಎರಡು ಕೊಡಿ. ಇವರ ಪಕ್ಕ ಕೂರೋವಾಗ ನಂದೂ ಅದೇ ಎತ್ತರ ಇರ್ಲಿ," ಎಂದಳು.

ಮುಂದಿನ ಪ್ರವಾಸ ಗುಡ್ಡದ ಮೇಲಿನ ಒಂದು ಹುಲ್ಲುಗಾವಲಿಗೆ. ಬೆಟ್ಟಣ್ಣ ಗಾಡಿ ನಿಲ್ಲಿಸಿದವನೇ ಮೊದಲು ಕುರ್ಚಿ ಇಳಿಸಿದ. ಕಣಿವೆ ಪೂರ್ತಿ ಕಾಣುವ ಜಾಗ ಹುಡುಕಿ ಅದನ್ನು ಬಿಡಿಸಿಟ್ಟು, ಕೈ ತೊಳೆಯಲು ಹೋದ. ಬಂದು ನೋಡಿದರೆ ಭಾವಮೈದುನ ಅದರಲ್ಲಿ ಕಾಲು ಚಾಚಿ ಮಲಗಿದ್ದ.

"ಭಾವ, ಏನು ಕುರ್ಚಿ ಮಾರಾಯ! ಎದ್ದೇಳಕ್ಕೆ ಮನಸ್ಸೇ ಬರ್ತಿಲ್ಲ. ನೀನು ಹೇಗೂ ನಿಂತಿದ್ದೀಯಲ್ಲ, ಆ ಟೀ ಇಲ್ಲಿ ಕೊಡು."

ಹಿಂದಿನ ಬೆಟ್ಟಣ್ಣನಾಗಿದ್ದರೆ ಟೀ ಕೊಡುತ್ತಿದ್ದ. ಈಗಲೂ ಕೈ ಕೆಟಲ್ ಕಡೆ ಅರ್ಧ ಹೋಗಿ, ಅಲ್ಲೇ ನಿಂತಿತು.

"ಏಳು," ಎಂದ.

"ಹಾಂ?"

"ಅದು ನನ್ನ ಕುರ್ಚಿ. ಏಳು."

ಸಿಟ್ಟಿನ ದನಿಯಲ್ಲ, ಬೆಟ್ಟದ ದನಿ. ತಮ್ಮನ ಹೆಂಡತಿ ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿದಳು. ಭಾವಮೈದುನ ಎದ್ದ. ಎದ್ದವನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಫೋನ್ ತೆಗೆದ. ತೆಗೆದ ಮೇಲೆ ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

"ತೆಗಿ," ಎಂದ ಬೆಟ್ಟಣ್ಣ ನಗುತ್ತ. "ಚೆನ್ನಾಗಿ ತೆಗಿ. ಪೂರ್ತಿ ಬರ್ಬೇಕು, ಅರ್ಧಂಬರ್ಧ ಬೇಡ."

ಅವನು ಕೂತ. ಮೆಲ್ಲಗಲ್ಲ, ಕಳ್ಳನಂತೆ ಅಲ್ಲ. ಧೊಪ್ಪೆಂದು, ಇಡೀ ಮೈ ಹಾಕಿ, ಎರಡೂ ಕಾಲು ನೆಲದಿಂದ ಎತ್ತಿ ಕೂತ. ಕುರ್ಚಿಯ ಅಗಲ ಪಾದಗಳು ಹುಲ್ಲನ್ನು ಹಿಡಿದು ನಿಂತವು. ಭಾವಮೈದುನ ಬಹಳ ಹೊತ್ತು ಫೋನ್ ಹಿಡಿದೇ ಇದ್ದ. ಆಮೇಲೆ ಅದನ್ನು ಜೇಬಿಗಿಟ್ಟು, ತಾನೇ ಕೆಟಲ್ ಎತ್ತಿ ಟೀ ಬಗ್ಗಿಸಿ, ಲೋಟವನ್ನು ತಂದು ಭಾವನ ಕೈಗೆ ಕೊಟ್ಟ.

"ಆ ಹಳೇದನ್ನ ಅಳಿಸಿಬಿಡ್ತೀನಿ ಭಾವ," ಎಂದ ತಗ್ಗಿದ ದನಿಯಲ್ಲಿ. "ಇನ್ಮೇಲೆ ಇದೇ ಇರ್ಲಿ."

"ಸಕ್ಕರೆ ಕಮ್ಮಿ ಆಯ್ತು," ಎಂದ ಬೆಟ್ಟಣ್ಣ.

ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವಮೈದುನನೇ. ಈ ಸಲ ಯಾಕೆ ನಕ್ಕರೆಂದು ಬೆಟ್ಟಣ್ಣನಿಗೆ ಯಾರೂ ಹೇಳಬೇಕಾಗಲಿಲ್ಲ. ಆ ಸಂಜೆ ಅವನು ಬಾಯಿ ಬಿಟ್ಟ. ತಮ್ಮ ಮದುವೆಗೆ ಮುಯ್ಯಿಯಾಗಿ ಬಂದ ಗೋಡೆ ಗಡಿಯಾರ ಹಿಂದೆ ಹಿಂದೆ ಓಡಿದ ಕಥೆ, ಸಮಯ ನಿಂತುಹೋಗಿದೆ ಎಂದು ಅಳುತ್ತ ಬಂದ ಮದುಮಗನ ಕಥೆ, ಒಂದಾದ ಮೇಲೊಂದು. ತಮ್ಮನ ಹೆಂಡತಿ ಹೊಟ್ಟೆ ಹಿಡಿದುಕೊಂಡು, "ಇಷ್ಟು ದಿನ ಇವನ್ನೆಲ್ಲ ಎಲ್ಲಿಟ್ಟಿದ್ರಿ ಭಾವ?" ಎಂದಳು. ಪಕ್ಕದ ಕುರ್ಚಿಯಿಂದ ಹೆಂಡತಿಯ ಕೈ ಬಂದು ಅವನ ಮುಂಗೈ ಮೇಲೆ ಕೂತಿತು. ಎರಡು ಕೈಗಳೂ ಒಂದೇ ಎತ್ತರದಲ್ಲಿದ್ದವು.

ಬೆಳಗ್ಗೆ ಗಾಡಿ ಹೊರಡಬೇಕಿತ್ತು. ಯಾವ ಪ್ರವಾಸದಲ್ಲೂ ಮೊದಲು ಇಂಜಿನ್ ಚಾಲೂ ಮಾಡುತ್ತಿದ್ದವನು ಅವನೇ. ಹೆಂಡತಿ ಹಾಸಿಗೆ ಮಡಚಿ, ಪಾತ್ರೆ ಕಟ್ಟಿ, ಬಾಗಿಲಲ್ಲಿ ನಿಂತು ನೋಡಿದಳು. ಬೆಟ್ಟಣ್ಣ ಕಣಿವೆಯ ಅಂಚಿನಲ್ಲಿ ಕೂತಿದ್ದ. ಮಂಜು ಅವನ ಪಾದದ ಕೆಳಗಿನಿಂದ ಏಳುತ್ತಿತ್ತು, ಬಿಸಿಲು ಆಗಷ್ಟೇ ಭುಜಕ್ಕೆ ಬಂದಿತ್ತು.

"ಹೊರಡೋಣ್ವೇನ್ರೀ?"

ಅವನು ತಿರುಗಿಯೂ ನೋಡದೆ, ಚಕ್ರವರ್ತಿಯ ಹಾಗೆ ಕೈಯೆತ್ತಿ ಅವಳ ಖಾಲಿ ಕುರ್ಚಿ ತೋರಿಸಿದ.

"ಅಂಗಡಿ ಎಲ್ಲಿ ಓಡಿಹೋಗುತ್ತೆ? ಇನ್ನೊಂದು ದಿನ ಇರೋಣ. ಬಾ, ಕೂತ್ಕೊ."