ಬೇಲಿಗೂಟದ ಮೇಲಿನ ಕೆಂಪು ಕೈಗವಸು

ಸಾಣೆ ಹಿಡಿಯುವವನ ಕೊಳಲು ಬೀದಿಯ ತಗ್ಗಿನಿಂದ ಏರಿ ಬರುತ್ತಿದೆ, ಮೇಲಕ್ಕೊಂದು ಸಲ, ಕೆಳಕ್ಕೊಂದು ಸಲ, ಅಡುಗೆಮನೆಯ ಚಾಕು ಮೊಂಡಾಗಿ ಎಷ್ಟೋ ಕಾಲವಾಯಿತು, ಓರೆಸ್ಟ್ ಇದ್ದಾಗ ಈ ಸದ್ದು ಕೇಳಿದೊಡನೆ ಚಾಕು ಕತ್ತರಿ ಎಲ್ಲ ಬಾಚಿಕೊಂಡು ಬಾಗಿಲಿಗೆ ಓಡುತ್ತಿದ್ದ, ಈಗ ಗಂಡನೂ ಇಲ್ಲ, ಚಾಕುವಿಗೆ ಹರಿತವೂ ಇಲ್ಲ, ಆರ್ಡಿಸ್ ಎದ್ದು ಹೋಗುವಂತೆಯೂ ಇಲ್ಲ, ಫೋನು ಕಿವಿಯಲ್ಲಿದೆ, ಫೋನಿನೊಳಗೆ ಪಿಯಾನೊ, ಪಿಯಾನೊದ ಆಚೆ ವಿಮೆಯ ಹುಡುಗಿ ಮೇಲಿನವರನ್ನು ಕೇಳಿ ಬರಲು ಹೋಗಿದ್ದಾಳೆ, ಒಂದೇ ನಿಮಿಷ ಮೇಡಂ, ಲೈನಲ್ಲೇ ಇರಿ. ಇರುತ್ತಾಳೆ. ಇನ್ನೆಲ್ಲಿಗೆ ಹೋಗುತ್ತಾಳೆ. ಹೋಗಬೇಕಾದ ಊರು ಒಂದೇ, ಸಸ್ಕಾಚೆವಾನಿನ ಬಯಲಿನಲ್ಲಿ ಅಕ್ಕ ವಿಲ್ಮಾ ಮಲಗಿರುವ ಊರು, ಅಲ್ಲೀಗ ಹಿಮ ಕಿಟಕಿಯ ಮಟ್ಟಕ್ಕೆ ಬಂದಿರುತ್ತದೆ, ಬೇಲಿಗೂಟಗಳ ತಲೆ ಮಾತ್ರ ಕಾಣುತ್ತಿರುತ್ತದೆ, ಇಲ್ಲಿ ಮೆಕ್ಸಿಕೊದ ಸರೋವರದ ದಂಡೆಯಲ್ಲಿ ಜನವರಿಯಲ್ಲೂ ಗೋಡೆ ತುಂಬ ಕಾಗದದ ಹೂವು — ವಿಲ್ಮಾಳ ಹೊಟ್ಟೆಯಲ್ಲಿ ಬೆಳೆದ ಗಡ್ಡೆ ಈಗ ಲಿವರಿಗೂ ಹಬ್ಬಿದೆ, ಅವಳ ಮಗಳು ಕೊರಿನ್ ಮೊನ್ನೆ ಫೋನಿನಲ್ಲಿ ಹೇಳಿದಳು, ಡಾಕ್ಟ್ರು ವಸಂತದ ಮಾತೇ ಆಡ್ತಿಲ್ಲ ಚಿಕ್ಕಮ್ಮ, ಬರೋದಾದ್ರೆ ಈಗ್ಲೇ ಬಂದ್ಬಿಡು. ಬರೋದಾದ್ರೆ. ಒಡಹುಟ್ಟಿದವಳ ಹಾಸಿಗೆಯ ಪಕ್ಕ ಕೂರುವುದಕ್ಕೂ ಒಂದು ಆದರೆ. ಹುಟ್ಟಿದ ಊರಿಗೆ ಹೋಗಲು ಪ್ರವಾಸಿಗಳ ಆರೋಗ್ಯ ವಿಮೆ ಹುಡುಕುತ್ತಿದ್ದಾಳೆ ಆರ್ಡಿಸ್, ಈ ವಯಸ್ಸಿನಲ್ಲಿ, ತಾನು ಹುಟ್ಟಿದ ಆಸ್ಪತ್ರೆಯ ಬಾಗಿಲಲ್ಲಿ ತಾನೇ ಪರದೇಶಿ.

ಸರೋವರದ ಮೇಲೆ ಬಿಳಿ ಪೆಲಿಕನ್‌ಗಳು ಇಳಿಯುತ್ತಿವೆ, ಚಳಿಗೆ ಅಲ್ಲಿಂದಲೇ ಹಾರಿ ಬರುತ್ತವೆ, ನಮ್ಮೂರ ನಂಟರು ಬಂದ್ರು ನೋಡು ಎನ್ನುತ್ತಿದ್ದ ಓರೆಸ್ಟ್, ಅವಕ್ಕೆ ಕಾರ್ಡೂ ಬೇಡ, ವಿಮೆಯೂ ಬೇಡ, ಬಿಸಿಲು ಬಲಿತರೆ ಎದ್ದು ಹೊರಡುತ್ತವೆ. ಇವರಿಬ್ಬರೂ ಹಾಗೆಯೇ ಇದ್ದರಲ್ಲ, ಎಷ್ಟು ವರ್ಷ, ಚಳಿಗಾಲ ಇಲ್ಲಿ, ಬೇಸಿಗೆ ಅಲ್ಲಿ, ಊರಲ್ಲಿ ಪುಕ್ಕಟೆ ಚಿಕಿತ್ಸೆ ಕೊಡಿಸುವ ಪ್ರಾಂತ್ಯದ ಆರೋಗ್ಯ ಕಾರ್ಡು ಸಾಯದಿರಲಿ ಎಂದು ಇಲ್ಲಿನ ಕೆನಡಾದವರೆಲ್ಲ ಫ್ರಿಜ್ಜಿಗೆ ಕ್ಯಾಲೆಂಡರ್ ಅಂಟಿಸಿ ಊರಲ್ಲಿ ಕಳೆಯಬೇಕಾದ ದಿನ ಗುರುತು ಹಾಕುತ್ತಾರೆ, ಮೊಮ್ಮಗುವಿನ ಹುಟ್ಟುಹಬ್ಬ ಮರೆತರೂ ಅದನ್ನು ಮರೆಯುವುದಿಲ್ಲ. ಆಮೇಲೆ ಓರೆಸ್ಟನ ಕಾಲು ಸೋತ ಬೇಸಿಗೆ, ಈ ಸಲ ಬೇಡ ಆರ್ಡಿ, ಇಲ್ಲೇ ನೀರು ನೋಡ್ತಾ ಇದ್ದುಬಿಡ್ತೀನಿ, ಅವನು ಕೇಳಿದ್ದೇ ಅಷ್ಟು, ಹೇಗೆ ಇಲ್ಲವೆನ್ನುವುದು, ಇದ್ದರು, ಅವನು ನೀರು ನೋಡುತ್ತಲೇ ತೀರಿಹೋದ, ಮುಂದಿನ ಬೇಸಿಗೆಗೆ ಅವಳಿಗೆ ಹೊರಡುವ ಮನಸ್ಸೇ ಬರಲಿಲ್ಲ. ಅಷ್ಟಾದರೂ ಸುಮ್ಮನಿರಬಹುದಿತ್ತು. ಇಲ್ಲಿನ ಕೆನಡಾದವರ ಕ್ಲಬ್ಬಿನ ಬೆರಿಲ್ ಇವತ್ತಿಗೂ ಬಾಯಿ ಬಾಯಿ ಬಡಿದುಕೊಳ್ಳುತ್ತಾಳೆ, ನಿನ್ ಅಕ್ಕನ ಮನೆ ವಿಳಾಸ ಕೊಟ್ಟು ತೆಪ್ಪಗಿರಬಾರ್ದಿತ್ತೇನೇ, ಅರ್ಧ ಕ್ಲಬ್ಬು ಹಾಗೇ ಅಲ್ವಾ ಇರೋದು, ನೀನೇ ಹೋಗಿ ನಾನೀಗ ಅಲ್ಲಿಯವಳಲ್ಲ ಅಂತ ಡಂಗುರ ಸಾರಿದ್ಯಲ್ಲ. ಸಾರಿದಳು. ಕಾರ್ಡನ್ನು ಕತ್ತರಿಸಿ ಎರಡು ತುಂಡು ಮಾಡಿ ಅಂಚೆಯಲ್ಲಿ ಕಳಿಸಿದಳು, ಕೇಳದವರಿಗೆ ಕಳಿಸಿದಳು, ಕಳಿಸಿ ಹೆಮ್ಮೆಯಿಂದ ಕಾಫಿ ಕುಡಿದಳು. ಅಮ್ಮ ಹೇಳುತ್ತಿದ್ದಳಲ್ಲ, ವಿಲ್ಮಾ ಬಾಯಿ ಬಿಟ್ರೆ ಸುಳ್ಳು, ನನ್ನ ಆರ್ಡಿಸ್ ಅಪರಂಜಿ. ಅಪರಂಜಿಯನ್ನು ಇಟ್ಟುಕೊಂಡು ಏನು ಮಾಡುವುದು ಈಗ. ಮರಳಿ ಅಲ್ಲೇ ನೆಲೆಸಿದರೆ ಕಾರ್ಡು ಸಿಕ್ಕೀತು, ಮನೆ ಹಿಡಿಯಬೇಕು, ಅರ್ಜಿ ಹಾಕಬೇಕು, ಕಾಯಬೇಕು — ಕಾಯಲು ವಿಲ್ಮಾಳ ಹತ್ತಿರ ಏನುಳಿದಿದೆ.

ಪಿಯಾನೊ ನಿಂತಿತು, ಇಲ್ಲ, ಮತ್ತೆ ಮೊದಲಿನಿಂದ ಶುರು. ಹುಡುಗಿ ಒಳ್ಳೆಯವಳೇ, ದನಿಯಲ್ಲಿ ತಾಳ್ಮೆ ಇತ್ತು, ಎಲ್ಲ ಸರಾಗವಾಗಿ ನಡೆದಿತ್ತು, ವಯಸ್ಸು, ಸಿಗರೇಟು, ಸಕ್ಕರೆ ಕಾಯಿಲೆ, ಆಮೇಲೆ ಆ ಪ್ರಶ್ನೆ, ಈ ಮೂರು ತಿಂಗಳಲ್ಲಿ ಔಷಧಿ ಏನಾದ್ರೂ ಬದಲಾಗಿದ್ಯಾ ಮೇಡಂ. ಆಗಲೇ ಬಾಯಿಗೆ ಬೀಗ ಹಾಕಬೇಕಿತ್ತು. ಇಲ್ಲ ಎಂಬುದು ಎರಡೇ ಅಕ್ಷರ. ಆದರೆ ಆರ್ಡಿಸ್ ನಕ್ಕಳು, ಹೌದು, ನಕ್ಕಳು, ಬಹುಮಾನ ಬಂದವಳ ಹಾಗೆ, ಕಡಿಮೆ ಆಗಿದೆ ಮಗಳೇ, ಹೃದಯದ ಮಾತ್ರೆ ಅರ್ಧಕ್ಕೆ ಇಳಿಸಿದಾರೆ. ಔಷಧಿ ಅಂಗಡಿಗೆ ಹೊಂದಿಕೊಂಡ ಪುಟ್ಟ ಕೋಣೆಯಲ್ಲಿ ಕೂರುವ ಡಾಕ್ಟರ್ ಸಲ್ದಿವಾರ್ ಎದೆಗೆ ಕೊಳವೆ ಇಟ್ಟು ಕೇಳಿ ಹೇಳಿದ್ದ, ಸೆನ್ಯೋರಾ, ದಿನಾ ದಂಡೆ ಮೇಲೆ ನಡೀತೀರಿ, ಉಪ್ಪು ಬಿಟ್ಟಿದೀರಿ, ಇಷ್ಟು ಮಾತ್ರೆ ಯಾಕೆ ನಿಮಗೆ, ಅರ್ಧ ಸಾಕು. ಆ ಸಂತೋಷಕ್ಕೆ ಅವಳು ಬಾಳೆಹಣ್ಣಿನ ಕೇಕು ಬೇಯಿಸಿ ಅವನಿಗೆ ಕೊಟ್ಟು ಬಂದಳು, ಕ್ಲಬ್ಬಿನ ಇಸ್ಪೀಟಿನ ಮೇಜಿನಲ್ಲಿ ಎಲ್ಲರಿಗೂ ಹೇಳಿದಳು, ಅರ್ಧ, ಗೊತ್ತಾ, ಅರ್ಧ. ಹುಡುಗಿಯ ಕಡೆ ಟೈಪು ಮಾಡುವ ಸದ್ದು. ಆಮೇಲೆ, ಕಡಿಮೆ ಆದ್ರೂ ಬದಲಾವಣೆನೇ ಮೇಡಂ, ಒಂದು ನಿಮಿಷ ಕೇಳ್ಕೊಂಡು ಬರ್ತೀನಿ. ಬಂದಳು ನೋಡು, ಈಗ ಬಂದಳು, ಸಾರಿ ಮೇಡಂ, ಕಾಲು ಮುರಿದ್ರೆ ಕೊಡ್ತೀವಿ, ಜ್ವರ ಬಂದ್ರೆ ಕೊಡ್ತೀವಿ, ಹೃದಯಕ್ಕೆ ಸಂಬಂಧಪಟ್ಟಿದ್ದು ಯಾವ್ದೂ ಬರಲ್ಲ, ಬದಲಾದ ದಿನದಿಂದ ಮೂರು ತಿಂಗಳು ಅದೇ ಮಾತ್ರೆ ತಗೊಂಡು ಆಮೇಲೆ ಫೋನ್ ಮಾಡಿ, ಆಗ ಖಂಡಿತ ಆಗತ್ತೆ. ನಿನ್ನೆಯ ಕಂಪನಿಯವನೂ ಇದನ್ನೇ ಹೇಳಿದ್ದ, ಅದರ ಹಿಂದಿನವಳೂ. ಮೈ ಸುಧಾರಿಸಿದ್ದೇ ತಪ್ಪಾಯಿತು. ಹೋದ ಚಳಿಗಾಲದ ಹಾಗೆ ಏದುಸಿರು ಬಿಡುತ್ತ ಇಡೀ ಮಾತ್ರೆ ನುಂಗುತ್ತಿದ್ದರೆ ಇವತ್ತು ವಿಮಾನದಲ್ಲಿರುತ್ತಿದ್ದಳು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ, ಇಲ್ಲದಿರಬಹುದು, ಅದರ ಬದಲು ಬೇರೆ ಯಾರೋ ಸಾಯುತ್ತಾರೆ. ಪಕ್ಕದ ಮನೆಯ ದೋನ್ಯಾ ಚೆಲೊ ಬೆಳಿಗ್ಗೆ ಬಿಸಿ ತೊರ್ತಿಯಾ ರೊಟ್ಟಿ ಕೊಡಲು ಬಂದವಳು ಸೊಂಟಕ್ಕೆ ಕೈಯಿಟ್ಟು ನಿಂತು ಗದರಿದಳು, ವಿಮೆಯಂತೆ ವಿಮೆ, ಅಕ್ಕ ಸಾಯ್ತಾ ಇದ್ರೆ ಬಸ್ಸು ಹತ್ತೋದು ಕಣಮ್ಮ, ಮಿಕ್ಕಿದ್ದು ದೇವರು ನೋಡ್ಕೋತಾನೆ. ಅವಳಿಗೇನು, ಆ ಚಳಿ ಗೊತ್ತಿಲ್ಲ, ಮೈನಸ್ ಮೂವತ್ತರಲ್ಲಿ ಉಸಿರೆಳೆದರೆ ಎದೆ ಹಿಡಿದುಕೊಳ್ಳುತ್ತದೆ, ಅಲ್ಲಿ ಬಿದ್ದರೆ ಈ ಮನೆ ಹೋದರೂ ಆಸ್ಪತ್ರೆಯ ಲೆಕ್ಕ ತೀರುವುದಿಲ್ಲ, ಸಾಯುವ ತಾಯಿಯನ್ನು ಬಿಟ್ಟು ಕೊರಿನ್ ಚಿಕ್ಕಮ್ಮನ ಹಾಸಿಗೆಗೆ ಓಡಬೇಕು. ಹೀಗೆಲ್ಲ ಹೇಳಿಕೊಳ್ಳಬಹುದು. ಸುಳ್ಳೇನಲ್ಲ. ಆದರೆ ಇದರ ತಳದಲ್ಲಿ ಇನ್ನೊಂದಿದೆ, ಹೆದರಿಕೆ, ಬರೀ ಹೆದರಿಕೆ, ಆ ಹಾಸಿಗೆಯಲ್ಲಿ ಮೂಳೆ ಚರ್ಮವಾದ ವಿಲ್ಮಾಳನ್ನು ನೋಡುವ ಹೆದರಿಕೆ.

ಫೋನು ಇಟ್ಟ ಕೂಡಲೇ ಅದು ಮತ್ತೆ ಬಡಿದುಕೊಂಡಿತು, ಹುಡುಗಿಯೇ ಮನಸ್ಸು ಬದಲಿಸಿದಳೇನೋ, ಅಲ್ಲ, ವಿಲ್ಮಾ. ಸಿಕ್ತೇನೇ ನಿನ್ ವಿಮೆ. ದನಿ ಎಷ್ಟು ಸಣ್ಣಗಾಗಿದೆ, ದೂರದ ಕೋಣೆಯಿಂದ ಬಂದ ಹಾಗೆ. ಇಲ್ಲ ಅಕ್ಕ, ಮಾತ್ರೆ ಅರ್ಧ ಮಾಡಿದ್ದಕ್ಕೆ ಆಗಲ್ಲ ಅಂತಾರೆ. ವಿಲ್ಮಾ ನಕ್ಕಳು, ನಕ್ಕು ಕೆಮ್ಮಿದಳು, ನೀನು ಹೇಳಿಯೂ ಬಿಟ್ಯಾ ಅವರಿಗೆ, ಪೆದ್ದಿ, ನಿನ್ನಂಥೋಳನ್ನ ಮ್ಯೂಸಿಯಂನಲ್ಲಿ ಇಡ್ಬೇಕು. ಆಮೇಲೆ ಉಸಿರು ಕೂಡಿಸಿಕೊಂಡು, ಒಳ್ಳೇದೇ ಆಯ್ತು ಬಿಡು, ಈಗ ಬರ್ಬೇಡ, ಇಲ್ಲಿ ಕಾರು ಕೂಡ ಎದ್ದೇಳಲ್ಲ, ಇವತ್ತು ಡಾಕ್ಟ್ರು ಬಂದಿದ್ರು, ಸುಧಾರಿಸ್ತಿದೀನಂತೆ, ನೀನು ವಸಂತಕ್ಕೆ ಬಾ, ಹಿಮ ಕರಗ್ಲಿ, ಇಬ್ರೂ ಕೂತು ಪೆರೋಗಿ ಕಡುಬು ತಿನ್ನೋಣ. ಆರ್ಡಿಸ್ ಎಂದಳು, ಸರಿ ಅಕ್ಕ, ವಸಂತಕ್ಕೇ ಬರ್ತೀನಿ ಹಾಗಾದ್ರೆ. ಎಷ್ಟು ಬೇಗ ಎಂದಳು. ಎದೆಯ ಮೇಲಿನ ಕಲ್ಲು ಇಳಿದಂತೆ, ಹಗುರಾಗಿ, ನಾಚಿಕೆಯಿಲ್ಲದೆ. ಬೆಚ್ಚಗಿರು ಕಣೇ ಅಂದಳು ವಿಲ್ಮಾ, ಅಷ್ಟೇ, ಇಟ್ಟಳು. ಡಾಕ್ಟರು ವಸಂತದ ಮಾತೇ ಆಡುತ್ತಿಲ್ಲ ಎಂದು ಆರ್ಡಿಸಳಿಗೆ ಗೊತ್ತು, ಗೊತ್ತಿದೆ ಎಂಬುದು ವಿಲ್ಮಾಳಿಗೂ ಗೊತ್ತಿರಬೇಕು. ಸಾಣೆಯವನ ಕೊಳಲು ಬಾಗಿಲ ಮುಂದೆಯೇ ಹಾಯುತ್ತಿದೆ, ಏಳಬೇಕು, ಕೂತಿದ್ದಾಳೆ — ಶಾಲೆಯಿಂದ ಬರುವ ದಾರಿ, ಇಬ್ಬರಿಗೂ ಅಮ್ಮ ಒಂದೇ ಕೆಂಪು ಉಣ್ಣೆಯಲ್ಲಿ ಹೆಣೆದ ಕೈಗವಸು, ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದು, ಆರ್ಡಿಸ್ ಒಂದನ್ನು ಕಳೆದುಕೊಂಡು ಅಮ್ಮನ ಬೈಗುಳಕ್ಕೆ ಹೆದರಿ ಹಿಮದಲ್ಲಿ ನಿಂತು ಅಳುತ್ತಿದ್ದಾಳೆ, ದಾರಿಯಲ್ಲಿ ಒಂಟಿ ಕೈಗವಸು ಸಿಕ್ಕರೆ ಹತ್ತಿರದ ಬೇಲಿಗೂಟಕ್ಕೆ ತೊಡಿಸಿ ಹೋಗುವುದು ಆ ಬಯಲಿನವರ ರೂಢಿ, ಕಳಕೊಂಡವರ ಕಣ್ಣಿಗೆ ಬೀಳಲಿ ಎಂದು, ಮುಂದೆ ಓಡಿದ ವಿಲ್ಮಾ ತಿರುವಿನಿಂದ ಕೂಗುತ್ತಾಳೆ, ಅಳ್ಬೇಡ್ವೇ, ಇಲ್ಲಿದೆ ನೋಡು, ಯಾರೋ ಪುಣ್ಯಾತ್ಮರು ಇಟ್ಟಿದಾರೆ. ಗೂಟದ ಮೇಲೆ ನೆಟ್ಟಗೆ ನಿಂತ ಕೆಂಪು ಕೈ. ತೊಟ್ಟರೆ ಒಂದು ಬೆರಳಿನಷ್ಟು ಹೆಚ್ಚು ಉದ್ದ, ಒದ್ದೆಯಾಗಿ ಹಿಗ್ಗಿದೆ ಕಣೇ ಅಂದಳು ವಿಲ್ಮಾ, ಆ ಸಂಜೆ ನನ್ನದೇ ಕಳೆದುಹೋಯ್ತು ಅಂತ ಅಮ್ಮನಿಂದ ಬೈಸಿಕೊಂಡವಳೂ ವಿಲ್ಮಾ, ಅಂದು ಬರಿಗೈಗೆ ಹಿಮ ಕಚ್ಚಿತ್ತು, ಆಮೇಲೆ ಚಳಿ ಬಂದರೆ ಅವಳ ಕಿರುಬೆರಳ ತುದಿ ಸುಣ್ಣದಂತೆ ಬಿಳುಚಿಕೊಳ್ಳುತ್ತಿತ್ತು, ಅಮ್ಮನನ್ನು ಮಣ್ಣು ಮಾಡಿದ ದಿನ ಆ ಬೆರಳು ನೋಡಿ ಕೇಳಿದಾಗ ಬಿದ್ದು ಬಿದ್ದು ನಕ್ಕಳು, ಉಣ್ಣೆ ಹಿಗ್ಗತ್ತೆ ಅಂದಿದ್ದನ್ನ ಇಷ್ಟು ವರ್ಷ ನಂಬ್ಕೊಂಡಿದ್ಯಾ. ನಂಬಿದ್ದಳೇ. ತೊಟ್ಟ ಕ್ಷಣವೇ ಕೈಗೆ ಗೊತ್ತಾಗಿರಲಿಲ್ಲವೇ, ಒಳಗೆ ಇನ್ನೂ ಬೆಚ್ಚಗಿತ್ತಲ್ಲ, ಹಿಮದಲ್ಲಿ ಗೂಟದ ಮೇಲಿದ್ದದ್ದು ಬೆಚ್ಚಗೆ ಹೇಗಿರುತ್ತದೆ. ತೊಟ್ಟು ನಡೆದಳು. ವಸಂತಕ್ಕೆ ಬಾ. ಸರಿ ಅಕ್ಕ. ಕೊಳಲು ಬೀದಿಯ ತುದಿಗೆ ಹೋಯಿತು, ಈಗ ಕೇಳಿಸುವುದಿಲ್ಲ, ಪೆಲಿಕನ್‌ಗಳೂ ಇಲ್ಲ, ನೀರೂ ಇಲ್ಲ, ಬಿಳಿಯ ಬಯಲು, ತಿರುವು, ಬೇಲಿ, ಗೂಟದ ಮೇಲೆ ನೆಟ್ಟಗೆ ನಿಂತ ಕೆಂಪು ಕೈಗವಸು, ಒಳಗೆ ಇನ್ನೂ ಬೆಚ್ಚಗಿರುವ ಕೈಗವಸು, ಗೂಟದ ಮೇಲೆ, ಕೆಂಪಗೆ.