ಅರ್ಧ ಮೆಟ್ಟಿಲು

ಕೋಡಿಕೊಪ್ಪದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಇಪ್ಪತ್ಮೂರು, ಕೋಣೆ ಎರಡು, ಅಕ್ಕೋರು ಒಬ್ಬರೇ. ಆದರೆ ಮಾಸೂರಿನಾಚೆಯ ಆ ಪುಟ್ಟ ಊರಿನಲ್ಲಿ ಪೇಪರು ಮುಟ್ಟದವರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಶಾಲೆಯ ಗೇಟಿನ ಮುಂದೆ ಒಂದು ಗಳಿಗೆ ನಿಂತೇ ಹೊಲಕ್ಕೆ ಹೋಗುತ್ತಿದ್ದರು. ಗೇಟಿನ ಪಕ್ಕದ ಗೋಡೆಗೆ ಒಂದು ಕರಿಹಲಗೆಯಿತ್ತು. ಅದರ ನೆತ್ತಿಯ ಮೇಲೆ ‘ನಮ್ಮೂರ ಸುದ್ದಿ’ ಎಂದು ಬಣ್ಣದಲ್ಲಿ ಬರೆದಿತ್ತು. ಕೆಳಗಿನದೆಲ್ಲ ಮಕ್ಕಳ ಸೀಮೆಸುಣ್ಣದ ಬರಹ.

“ಯಲ್ಲಪ್ಪನವರ ಎಮ್ಮೆ ಹೆಣ್ಣುಗರು ಹಾಕಿದೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ.” “ಹಿರೇಕೆರೂರಿನ ಬಸ್ಸು ಇವತ್ತು ಇಪ್ಪತ್ತೆರಡು ನಿಮಿಷ ತಡವಾಗಿ ಬಂತು.” “ನಾಳೆ ಊಟಕ್ಕೆ ಮೊಟ್ಟೆ.” ಹೀಗೆ.

ಹಲಗೆ ಹಾಕಿಸಿದವಳು ಹರಿಪ್ರಿಯಾ. ಸವಣೂರಿನವಳು, ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವಳು. ಹಿರೇಕೆರೂರಿನಲ್ಲಿ ಕೋಣೆ ಹಿಡಿದುಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವಳು ಮಕ್ಕಳಿಗೆ ಹೇಳಿದ್ದ ನಿಯಮ ಒಂದೇ: ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಅಳೆಯಬಹುದಾದರೆ ಅಳೆದು ಬರೆಯಬೇಕು. ಮೊದಲ ವಾರವೇ ನುಜಹತ ಎಂಬ ನಾಲ್ಕನೇ ತರಗತಿಯ ಹುಡುಗಿ “ಎರಡು ಮಾರುದ್ದದ ಹಾವು” ಎಂದು ಬರೆಯಲು ಹೋದಾಗ ಹರಿಪ್ರಿಯಾ ಇಡೀ ಶಾಲೆಯನ್ನು ಬೇಲಿಯ ಹತ್ತಿರ ಕರೆದೊಯ್ದು ಆ ಹಾವು ಬಿಟ್ಟುಹೋಗಿದ್ದ ಪೊರೆಗೆ ಟೇಪು ಹಿಡಿಸಿದ್ದಳು. ಎರಡೂವರೆ ಅಡಿ ಬಂತು. ನುಜಹತ ಮುಖ ಸಣ್ಣದು ಮಾಡಿಕೊಂಡು “ಹೆದರಿದಾಗ ಎರಡ ಮಾರು ಇತ್ರೀ” ಅಂದಿದ್ದಳು. ಊರು ಒಂದು ವಾರ ಅದನ್ನು ಹೇಳಿಕೊಂಡು ನಕ್ಕಿತ್ತು. ಅಂದಿನಿಂದ ‘ಹಲಗಿ ಮ್ಯಾಲ ಬಂದೈತಿ’ ಎಂದರೆ ಖರೆ ಎಂದೇ ಅರ್ಥವಾಯಿತು.

ಶ್ರಾವಣದಲ್ಲಿ ಹಲಗೆಯ ಮೇಲೆ ಒಂದೇ ಸುದ್ದಿಗೆ ಬೆಲೆ. ಕೆರೆ. ನಾಲ್ಕು ವರ್ಷದಿಂದ ಅದು ತುಂಬಿ ಕೋಡಿ ಬಿದ್ದಿರಲಿಲ್ಲ. ಈ ಸಲ ಮೇಲಿನ ಗುಡ್ಡದಲ್ಲಿ ಹದವಾಗಿ ಮಳೆ ಹಿಡಿದು ಹಳ್ಳ ಹಗಲೂ ರಾತ್ರಿ ಒಂದೇ ಸಮ ಹರಿಯುತ್ತಿತ್ತು. ಕೋಡಿ ಬಿದ್ದ ದಿನ ಊರ ಹೆಂಗಸರೆಲ್ಲ ಕೆರೆಗೆ ಉಡಿ ತುಂಬಬೇಕು. ಹಸಿರು ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ ನೀರಿಗೆ ಬಿಡಬೇಕು. ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆಸಬೇಕು. ಆದ್ದರಿಂದ ಎಲ್ಲರಿಗೂ ಬೇಕಾದದ್ದು ದಿನ.

ಕೆರೆಯ ಲೆಕ್ಕ ಸುಜಾತಾಳದು. ಐದನೇ ತರಗತಿ, ಕೆರೆ ಏರಿಯ ಬುಡದಲ್ಲೇ ಮನೆ, ಮಾತು ಕಡಿಮೆ. ಕೋಡಿಯ ಮಟ್ಟಕ್ಕೆ ಸರಿಯಾಗಿ ಸೋಪಾನದ ಒಂದು ಮೆಟ್ಟಿಲಿಗೆ ಸುಣ್ಣ ಬಳಿದಿದ್ದರು. ಅಲ್ಲಿಂದ ಕೆಳಗೆ ನೀರಿನ ತನಕ ಎಷ್ಟು ಮೆಟ್ಟಿಲು ಒಣಗಿವೆ ಎಂದು ಅವಳು ಬೆಳಿಗ್ಗೆ ಎಣಿಸಿಕೊಂಡು ಬಂದು ಹಲಗೆಗೆ ಬರೆಯುತ್ತಿದ್ದಳು. ಸೋಮವಾರ ಎಂಟು. ಮಂಗಳವಾರ ಏಳು. ಬುಧವಾರ ಆರು, ಗುರುವಾರ ಐದು, ಶುಕ್ರವಾರ ನಾಲ್ಕು. ಹರಿಪ್ರಿಯಾ ಆ ಅಂಕಿಗಳನ್ನು ಚೌಕಳಿ ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟಳು. ಐದೂ ಚುಕ್ಕೆ ದಾರ ಹಿಡಿದಂತೆ ನೇರವಾಗಿ ಕೂತವು. ಅವಳ ಮೈ ಜುಮ್ಮೆಂದಿತು. ಪಂಚಾಂಗದ ಗಣಿತ ಮಾಡುವವರ ಮನೆಯಲ್ಲಿ ಬೆಳೆದವಳು ಅವಳು. ತಂದೆ ರಾಘಣ್ಣ ಹೇಳಿದ ಗ್ರಹಣ ಒಂದು ಸಲವೂ ತಪ್ಪಿದ್ದಿಲ್ಲ.

ಶನಿವಾರ ಸುಜಾತಾ ಹಲಗೆಗೆ ಬರೆದು ಬಂದು ಹೇಳಿದಳು: “ಅಕ್ಕೋರ, ಮೂರೂವರಿ ಅದಾವ್ರಿ.”

“ಮೂರೂವರೆ ಹೆಂಗ ಆಗತೈತಿ? ದಿನಾ ಒಂದೊಂದ ಮುಳಗತಾವಲ್ಲ. ಮೂರು ಇರಬೇಕು ನೋಡು.”

“ಇಲ್ರಿ. ಅರ್ಧ ಮೆಟ್ಲ ಅಷ್ಟ ಮುಳಗೇತ್ರಿ.”

“ಗಾಳಿಗೆ ನೀರು ಅಲ್ಲಾಡಿರತೈತಿ. ನೀ ತಪ್ಪ ಎಣಿಸೀದಿ,” ಎಂದು ಹರಿಪ್ರಿಯಾ ನಗುನಗುತ್ತಲೇ ಹೇಳಿ, ಅಳಿಸಿ, ಮೂರು ಎಂದು ಬರೆದಳು. ಆಮೇಲೆ ಅಡಿಕೋಲಿಟ್ಟು ಚುಕ್ಕೆಗಳ ಮೇಲೆ ಗೆರೆ ಎಳೆದಳು. ಗೆರೆ ಮಂಗಳವಾರಕ್ಕೆ ಹೋಗಿ ಸೊನ್ನೆಯನ್ನು ಮುಟ್ಟಿತು. ಅವಳೇ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಳು: “ಮಂಗಳವಾರ ನಮ್ಮ ಕೆರೆ ಕೋಡಿ ಬೀಳುತ್ತದೆ.”

ಅದನ್ನು ಬರೆದು ಮುಗಿಸುವುದರೊಳಗೆ ಅರ್ಧ ಊರು ಫೋನು ಹಿಡಿದಿತ್ತು. ಶಿಗ್ಗಾಂವಿಗೆ ಕೊಟ್ಟ ಮಗಳಿಗೆ, ಹಾನಗಲ್ಲಿಗೆ ಕೊಟ್ಟ ತಂಗಿಗೆ, “ಮಂಗಳವಾರ ಬಾರವ್ವಾ, ಸಾಲಿ ಹಲಗಿ ಮ್ಯಾಲ ಬಂದೈತಿ” ಎಂದು.

ಸೋಮವಾರ ಹರಿಪ್ರಿಯಾಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಹಾಲಿನ ಪುಡಿ ಬಂದಿತ್ತು, ಒಂದನೇ ತರಗತಿಯ ಇಬ್ಬರು ಅಳುತ್ತಿದ್ದರು. “ಸುಜಾತಾ, ಎಷ್ಟು?” ಎಂದು ಬಾಗಿಲಿನಿಂದಲೇ ಕೂಗಿದಳು.

“ನಿಮ್ಮ ಗೆರಿ ಎಷ್ಟ ಹೇಳತೈತ್ರಿ?”

“ಒಂದು.”

“ಹಂಗಾರ ಒಂದು.”

ಹರಿಪ್ರಿಯಾ ಒಂದು ಎಂದು ಬರೆದಳು. ಹುಡುಗಿಯ ದನಿಯಲ್ಲಿದ್ದದ್ದು ಅವಳಿಗೆ ಕೇಳಿಸಲಿಲ್ಲ.

ಹಾಗಾದರೆ ಊರಿನವರಿಗೆ ಕಣ್ಣಿರಲಿಲ್ಲವೇ? ಇತ್ತು. ಸೋಮವಾರ ಸಂಜೆ ಎಮ್ಮೆ ಮೈ ತೊಳೆಯಲು ಹೋದವರು ಒಣ ಮೆಟ್ಟಿಲುಗಳನ್ನು ನೋಡಿದರು. ನೋಡಿ, “ರಾತ್ರಿ ನೀರ ಬರತಾವ ಬಿಡು, ಅಕ್ಕೋರು ಲೆಕ್ಕ ಹಾಕ್ಯಾರ” ಎಂದು ಮನೆಗೆ ಬಂದು ಕಡಲೆಬೇಳೆ ನೆನೆಹಾಕಿದರು.

ಮಂಗಳವಾರ ಹರಿಪ್ರಿಯಾ ಬಸ್ಸಿಳಿದಾಗ ಇಡೀ ಊರು ಏರಿಯ ಮೇಲಿತ್ತು. ಹೊಸ ಸೀರೆಗಳು, ಬುಟ್ಟಿ ಬುಟ್ಟಿ ಹೋಳಿಗೆ, ಮಾಸೂರಿನಿಂದ ಬಂದ, ತಮಟೆಯಂಥ ಚರ್ಮದ ಹಲಗೆ ಬಾರಿಸುವವರು, ತವರಿಗೆ ಬಂದ ಹೆಣ್ಣುಮಕ್ಕಳ ಕಂಕುಳಲ್ಲಿ ಟೊಪ್ಪಿಗೆ ಹಾಕಿದ ಕೂಸುಗಳು. ಎಲ್ಲರೂ ಸುಮ್ಮನೆ ನಿಂತು ಕೆರೆಯನ್ನು ನೋಡುತ್ತಿದ್ದರು. ಸುಣ್ಣದ ಮೆಟ್ಟಿಲಿನ ಕೆಳಗೆ ಎರಡು ಮೆಟ್ಟಿಲು, ಬೆಳಗಿನ ಬಿಸಿಲಿಗೆ, ಬೂದಿಯಂತೆ ಒಣಗಿದ್ದವು.

ಏರಿ ಕಾಯುವ ಮುದುಕ ಉಡಚಪ್ಪ ಮೀಸೆ ತೀಡುತ್ತ ಮುಂದೆ ಬಂದ. “ಬರ್ರಿ ಅಕ್ಕೋರ, ಬರ್ರಿ. ನಿಮ್ಮ ಗೆರಿ ಕೋಡಿಗೆ ಮುಟ್ಟೇತಿ. ಕೆರಿ ಒಂದು ಹಿಂದ ಉಳದೈತಿ.”

ನಗೆ ಏರಿಯುದ್ದಕ್ಕೂ ಹಬ್ಬಿತು. “ಕೆರಿಗೆ ಸಾಲಿಗೆ ಹೆಸರ ಹಚ್ಚಬೇಕಿತ್ತೋ ಮಾವಾ, ಲೆಕ್ಕ ತಿಳೀತಿತ್ತು,” ಎಂದು ಯಾರೋ ಕೂಗಿದರು. “ನನ್ನ ಮಗಳ ಮಾವಗ ಏನ ಹೇಳಲಿ? ಕೆರಿಗೆ ರಜಾ ಐತಿ ಅನ್ನಲೇನ?” ಎಂದಳು ಒಬ್ಬಳು.

ಊರವರು ಸಿಟ್ಟಾಗಿದ್ದರೆ ಹರಿಪ್ರಿಯಾಳಿಗೆ ಹಗುರವಾಗುತ್ತಿತ್ತು. ಅವರು ನಗುತ್ತಿದ್ದರು. ನಾಳೆಯಿಂದ ಹಲಗೆಯ ಮುಂದೆ ಯಾರೂ ನಿಲ್ಲುವುದಿಲ್ಲ, ನಿಂತರೂ ನಗಲು ನಿಲ್ಲುತ್ತಾರೆ ಎಂದು ಅವಳಿಗೆ ತಿಳಿದುಹೋಯಿತು. ಮಕ್ಕಳ ಗುಂಪಿನಲ್ಲಿ ಸುಜಾತಾಳನ್ನು ಹುಡುಕಿದಳು. ಹುಡುಗಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರುತ್ತಿದ್ದಳು.

“ನಿನ್ನೆ ನೀ ಎಣಿಸಲಿಲ್ಲೇನು?” ಮೆಲ್ಲಗೆ ಕೇಳಿದಳು.

“ಎಣಿಸಿದ್ನಿರಿ. ಎರಡೂವರಿ ಇದ್ದೂ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಅಳಸತಿದ್ರಲ್ರಿ.”

ಆಗ ಬಿಸಿಯೂಟದ ಶಾರವ್ವ ಹರಿಪ್ರಿಯಾಳ ತೋಳು ಹಿಡಿದಳು. ಬಾಯಿ ಜೋರಾದರೂ ಕೈ ಮೆತ್ತಗಿನ ಹೆಂಗಸು. “ಅಲ್ರೀ ಅಕ್ಕೋರ, ದಿನಾ ನನ್ನ ಸಾರಿನ ಬೋಗುಣಿ ನೋಡತೀರಿ. ಬುಡ ಸಣ್ಣದು, ಬಾಯಿ ಅಗಲ. ಕೆಳಗ ಒಂದ ಕೊಡ ನೀರ ಹಾಕಿದ್ರ ಗೇಣ ಏರತೈತಿ. ಮ್ಯಾಲ ಬರತ ಬರತ ಅದ ಕೊಡ ಹಾಕಿದ್ರ ಎರಡ ಬೆರಳೂ ಏರೂದಿಲ್ಲ. ಕೆರೀನೂ ಹಂಗ. ಈ ವಾರ ನೀರು ದಂಡೀ ದಾಟಿ ಬಯಲಿಗೆ ಹರವ್ಯಾವು, ಅಲ್ಲಿ ನೋಡ್ರಿ.”

ಹರಿಪ್ರಿಯಾ ನೋಡಿದಳು. ನೀರು ಆಚೆ ಬದಿಯಲ್ಲಿ ಜಾಲಿಗಿಡಗಳ ಬುಡದ ತನಕ ಚಾಪೆ ಬಿಚ್ಚಿದಂತೆ ಹರಡಿತ್ತು. ಹಳ್ಳ ತರುವ ನೀರು ಅಷ್ಟೇ. ಅದು ತುಂಬಬೇಕಾದ ಅಗಲ ಬೇರೆ. ಐದು ಚುಕ್ಕೆ ನೇರವಾಗಿದ್ದವು ಎಂದು ಆರನೆಯದೂ ನೇರವಾಗಿರಬೇಕು ಎಂದು ಯಾರು ಹೇಳಿದ್ದರು? ಆರನೆಯದನ್ನು ಒಬ್ಬಳು ಕಣ್ಣಾರೆ ನೋಡಿ ಬಂದು ಹೇಳಿದ್ದಳು. ಹರಿಪ್ರಿಯಾ ಅದನ್ನು ಅಳಿಸಿದ್ದಳು.

“ಎಲ್ಲಾರೂ ಒಂದ ಚೂರು ಸಾಲೀತನಕ ಬರ್ತೀರೇನ್ರಿ?” ಎಂದು ಹರಿಪ್ರಿಯಾ ಕೇಳಿದಳು.

ಬಂದರು; ಹೋಳಿಗೆಯ ಬುಟ್ಟಿ ಸಮೇತ ಬಂದರು. ಹರಿಪ್ರಿಯಾ ಹಲಗೆಯನ್ನು ಒದ್ದೆ ಬಟ್ಟೆಯಿಂದ ಪೂರಾ ಒರೆಸಿ, ಅದು ಒಣಗುವ ತನಕ ಎಲ್ಲರ ಕಣ್ಣೆದುರು ನಿಂತಿದ್ದಳು. ಆಮೇಲೆ ಬರೆದಳು:

“ತಿದ್ದುಪಡಿ. ಶನಿವಾರ ಸುಜಾತಾ ಮೂರೂವರೆ ಮೆಟ್ಟಿಲು ಎಣಿಸಿದ್ದಳು. ಅದು ಸರಿ. ನಾನು ಮೂರು ಎಂದು ತಿದ್ದಿದೆ. ಅದು ತಪ್ಪು. ಸೋಮವಾರ ನಾನು ಕೆರೆಯನ್ನು ನೋಡದೆ ಬರೆದೆ. ಅದು ಇನ್ನೂ ದೊಡ್ಡ ತಪ್ಪು. ಇವತ್ತು ಎರಡು ಮೆಟ್ಟಿಲು ಒಣಗಿವೆ. ಹರಿಪ್ರಿಯಾ.”

ಉಡಚಪ್ಪ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಓದಿ ಮುಗಿದ ಮೇಲೂ ಹಲಗೆಯನ್ನೇ ನೋಡುತ್ತಿದ್ದ. “ತಪ್ಪ ಮಾಡಿದವರನ್ನ ಭಾಳ ನೋಡೇನಿ. ಅದನ್ನ ಬರದು ಹೆಸರ ಹಾಕಿದವರನ್ನ ಇವತ್ತ ನೋಡಿದೆ,” ಎಂದು ಹಿಂದಕ್ಕೆ ತಿರುಗಿ, “ಏ, ಇನ್ನೇನ ನಿಂತೀರಿ? ಹೋಳಗಿ ಆರಾಕತ್ತಾವು!” ಎಂದು ಗದರಿದ.

ಅಂದು ಶಾಲೆಯ ಅಂಗಳದಲ್ಲಿ ಇನ್ನೂರು ಜನ ಪಂಕ್ತಿ ಹಿಡಿದು ಕೂತರು. ಶಾರವ್ವ ಬೋಗುಣಿ ತುಂಬ ಕಟ್ಟಿನ ಸಾರು ಮಾಡಿದಳು. ಶಿಗ್ಗಾಂವಿನಿಂದ ಬಂದ ಮಗಳು ತಾನು ಕಲಿತ ಬೆಂಚಿನ ಮೇಲೆ ಕೂಸನ್ನು ಕೂರಿಸಿ ಫೋಟೋ ತೆಗೆಸಿಕೊಂಡಳು. ಹಲಗೆ ಬಾರಿಸುವವರು ಬಂದ ತಪ್ಪಿಗೆ ಎರಡು ಹಾಡಿನಷ್ಟು ಬಾರಿಸಿದರು. ಊಟ ಬಡಿಸುತ್ತ ಹರಿಪ್ರಿಯಾ ಸುಜಾತಾಳ ಎಲೆಯ ಮುಂದೆ ಬಂದಾಗ ಹುಡುಗಿ ತಲೆಯೆತ್ತಲಿಲ್ಲ. “ಅರ್ಧ ಹಾಕ್ರಿ” ಎಂದಳು. ಪಕ್ಕದಲ್ಲಿದ್ದ ನುಜಹತ ಕಿಸಕ್ಕನೆ ನಕ್ಕಳು. ಹರಿಪ್ರಿಯಾ ಹೋಳಿಗೆಯನ್ನು ಸರಿಯಾಗಿ ನಡುವೆ ಮುರಿದು ಅರ್ಧ ಹಾಕಿದಳು. ಆಗ ಸುಜಾತಾಳೂ ನಕ್ಕಳು. ಆದರೆ ನಾಳೆ ಎಣಿಸುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಹರಿಪ್ರಿಯಾಳಿಗೆ ಬರಲಿಲ್ಲ.

ಬುಧವಾರ ಗೇಟಿನ ಹತ್ತಿರ ಬರುವಾಗಲೇ ಕಂಡಿತು. “ಒಂದೂವರೆ.” ಗುರುವಾರ, “ಒಂದೂಕಾಲು.” ಶುಕ್ರವಾರ, “ಮುಕ್ಕಾಲು. ಕಟ್ಟಿಗೆಯಿಂದ ಅಳೆದದ್ದು.” ಮಕ್ಕಳು ಚುಕ್ಕೆಗಳನ್ನು ತಾವೇ ಇಟ್ಟರು. ಅವು ಗೆರೆಯನ್ನು ಬಿಟ್ಟು, ಬಾಗಿ, ತಮ್ಮ ಪಾಡಿಗೆ ತಾವು ನಡೆದವು. ಹರಿಪ್ರಿಯಾ ಅಡಿಕೋಲನ್ನು ಮುಟ್ಟಲಿಲ್ಲ. “ಯಾವಾಗ ಬೀಳತೈತ್ರಿ ಅಕ್ಕೋರ?” ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ “ಸುಜಾತಾನ್ನ ಕೇಳ್ರಿ” ಎಂದಳು. ಸುಜಾತಾಳನ್ನು ಕೇಳಿದವರಿಗೆ ಸಿಕ್ಕ ಉತ್ತರ, “ಬಿದ್ದಾಗ ಹೇಳತೇನಿ.”

ಸೋಮವಾರ ಬಸ್ಸು ದಾರಿ ಕೂಡುವ ಊರ ಕತ್ತರಿಗೆ ಬಂದಾಗ ಸುಜಾತಾ ಅಲ್ಲೇ ನಿಂತಿದ್ದಳು. ಲಂಗ ಮೊಣಕಾಲಿನ ತನಕ ನೆನೆದು ಕಾಲಿಗೆ ಅಂಟಿತ್ತು. ಹರಿಪ್ರಿಯಾ ಬಸ್ಸಿನ ಮೆಟ್ಟಿಲಿನಿಂದ ಕಾಲು ಕೆಳಗಿಡುವುದರೊಳಗೆ ಕೈ ಹಿಡಿದು ಎಳೆದಳು.

“ಬಿತ್ತೇನ?”

“ನಾ ಹೇಳೂದಿಲ್ಲ. ನೀವ ಬಂದ ನೋಡ್ರಿ.”

“ಸಾಲಿ ಗಂಟಿ ಹೊಡೀಬೇಕಲ್ಲವಾ...”

“ಸಾಲೀ ಹುಡುಗರೆಲ್ಲಾ ಅಲ್ಲೇ ಅದಾರ್ರಿ!”

ಇಬ್ಬರೂ ಓಡಿದರು. ಹರಿಪ್ರಿಯಾಳ ಚಪ್ಪಲಿಯ ಉಂಗುಟದ ಬಾರು ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡು ಓಡಿದಳು. ಏರಿಯ ತಿರುವಿಗೆ ಬರುವ ಮೊದಲೇ ಸದ್ದು ಕೇಳಿಸುತ್ತಿತ್ತು, ಆದರೆ ಅವಳು ಬಾಯಿ ಬಿಡಲಿಲ್ಲ. ಕೋಡಿಯ ಕಟ್ಟೆಯ ಹತ್ತಿರ ಊರೆಲ್ಲ ನೆರೆದಿತ್ತು. ಮಾಸೂರಿನ ಹಲಗೆ ಬಾರಿಸುವವನು ಕೋಲೆತ್ತಿಕೊಂಡು ಚಡಪಡಿಸುತ್ತಿದ್ದ. ಉಡಚಪ್ಪ ಅವನ ಮುಂಗೈ ಹಿಡಿದು ನಿಂತಿದ್ದ.

“ಬಿಡೋ ಯಜಮಾನಾ, ಕಣ್ಣಿಗೆ ಕಾಣಾಕತ್ತೈತಿ!”

“ನಿನಗ ಕಂಡರ ಆತೇನಲೇ? ಹುಡಿಗಿ ಸಾಲಿ ಹಲಗಿ ಮ್ಯಾಲ ಇನ್ನೂ ಬರದಿಲ್ಲ.”

ಹರಿಪ್ರಿಯಾ ಕಟ್ಟೆಯ ಮೇಲೆ ಹತ್ತಿ ನೋಡಿದಳು. ಕಲ್ಲಿನ ಅಂಚಿನುದ್ದಕ್ಕೂ ನೀರು ಗಾಜಿನ ಹಾಳೆಯಂತೆ ಮಡಚಿಕೊಂಡು ಆಚೆ ಇಳಿಯುತ್ತಿತ್ತು. ಸುಜಾತಾ ನೀರಿಗಿಳಿದು, ಗೇಣು ಹಿಡಿಯಲು ಹೋಗಿ, ನೀರು ಅಷ್ಟು ಆಳವಿಲ್ಲದೆ, ಬೆರಳುಗಳನ್ನು ಅಡ್ಡ ಇಟ್ಟು ಅಳೆದಳು.

“ನಾಕ ಬೆರಳು ಅಂತೇನಿ ನಾನು. ನೀವ ಏನಂತೀರಿ?”

ಹರಿಪ್ರಿಯಾ ಸೀರೆಯ ನಿರಿಗೆಯೆತ್ತಿ ಕಟ್ಟಿಕೊಂಡು ಅವಳ ಪಕ್ಕಕ್ಕಿಳಿದಳು. ನೀರು ತಣ್ಣಗೆ ಪಾದದ ಗಂಟಿಗೆ ಬಡಿಯಿತು. ಬಗ್ಗಿ, ತನ್ನ ಬೆರಳನ್ನಿಟ್ಟು ನೋಡಿದಳು. ಅವಳ ಬೆರಳು ಹುಡುಗಿಯದಕ್ಕಿಂತ ದಪ್ಪ.

“ನನ್ನ ಬೆರಳಿಲೆ ಮೂರು.”

“ನಿಮ್ಮದ ಬರೀಲೋ, ನನ್ನದ ಬರೀಲ್ರಿ?”

“ನೀ ನೋಡಿದ್ದ ನೀ ಬರಿ. ಯಾರ ಬೆರಳು ಅಂತನೂ ಬರಿ.”

ಸುಜಾತಾ ತಲೆಯಾಡಿಸಿ, ನೀರಿನಿಂದ ಹಾರಿ, ಶಾಲೆಯ ಕಡೆ ಓಟ ಕಿತ್ತಳು. ಇಪ್ಪತ್ತೆರಡು ಮಕ್ಕಳು ಅವಳ ಹಿಂದೆ, ಅವರ ಹಿಂದೆ ಉಡಿಯ ಸಾಮಾನು ಹಿಡಿದ ಹೆಂಗಸರು, ಅವರ ಹಿಂದೆ ಉಡಚಪ್ಪ, ಅವನು ಇನ್ನೂ ಮುಂಗೈ ಬಿಡದ ಹಲಗೆಯವನು.